ಬೆನ್ನ ಮೇಲಿನ ಹೆಸರು

ನನಗೆ ಸುಲಭಕ್ಕೆ ಸಿಟ್ಟು ಬರುವುದಿಲ್ಲ ಎಂದು ನಾನು ನಂಬಿಕೊಂಡಿದ್ದೇನೆ. ನನ್ನ ಹೆಂಡತಿ ಶಾರದೆ ನಂಬಿಲ್ಲ, ಅದು ಬೇರೆ ವಿಷಯ. ಆದರೆ ಒಂದು ಮಾತು ಕಿವಿಗೆ ಬಿದ್ದರೆ ಮಾತ್ರ ನನ್ನ ಬಿ.ಪಿ. ಮಾತ್ರೆಯೂ ಕೈಚೆಲ್ಲಿ ಕೂರುತ್ತದೆ. ಆ ಮಾತು ‘ನೋಡುವ’. ನಮ್ಮ ಕೊಪ್ಪ, ಶೃಂಗೇರಿ, ಎನ್.ಆರ್.ಪುರದ ಕಡೆ ಯಾರೂ ಯಾರಿಗೂ ‘ಇಲ್ಲ’ ಅನ್ನುವುದಿಲ್ಲ, ಅದು ಒರಟುತನ. ‘ಆಯ್ತು’ ಅಂತಲೂ ಅನ್ನುವುದಿಲ್ಲ, ಅದು ಅವಸರ. ಮದುವೆಗೆ ಬರ್ತೀರಾ ಎಂದರೆ ನೋಡುವ. ಪಂಪ್‌ಸೆಟ್ಟು ಇವತ್ತು ರಿಪೇರಿ ಆಗ್ತದಾ ಎಂದರೆ ನೋಡುವ. ಕೊಪ್ಪದಲ್ಲಿ ನನ್ನದೊಂದು ಕನ್ನಡಕದ ಅಂಗಡಿ ಇದೆ. ಗಿರಾಕಿಯ ಕಣ್ಣಿಗೆ ಗಾಜು ಇಟ್ಟು, ‘ಇದರಲ್ಲಿ ಅಕ್ಷರ ಕಾಣ್ತದಾ?’ ಎಂದು ಕೇಳಿದರೆ ಅದಕ್ಕೂ ‘ನೋಡುವ’ ಎಂದವರಿದ್ದಾರೆ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ನಮ್ಮನ್ನು ಮೀರಿಸುವವರು ಇಲ್ಲ. ಆ ದೀಪ ಈ ಕಡೆಗೂ ಇಲ್ಲ, ಆ ಕಡೆಗೂ ಇಲ್ಲ, ಎಣ್ಣೆ ಮಾತ್ರ ಸುಡುತ್ತಿರುತ್ತದೆ.

ಈ ನೋಡುವದ ಬಾಯಿಗೆ ಈ ಸಲ ಬಿದ್ದವಳು ಸುಪ್ರೀತಾ ಎಂಬ ಹತ್ತೊಂಬತ್ತು ವರ್ಷದ ಹುಡುಗಿ. ಮೂರು ತಾಲೂಕು ಸೇರಿ ನಾವೊಂದು ಹುಡುಗಿಯರ ಬಾಸ್ಕೆಟ್‌ಬಾಲ್ ತಂಡ ಕಟ್ಟಿದ್ದೇವೆ. ಯಾರಿಗೂ ಬೇಜಾರಾಗಬಾರದೆಂದು ಆಯ್ಕೆ ಸಮಿತಿಗೆ ತಾಲೂಕಿಗೊಬ್ಬರಂತೆ ಮೂವರು. ಶೃಂಗೇರಿಯಿಂದ ಸುಬ್ಬಣ್ಣ ಮೇಷ್ಟ್ರು, ನಿವೃತ್ತರು, ಪ್ರಾಯದಲ್ಲಿ ವಾಲಿಬಾಲ್ ಆಡಿದವರು. ಎನ್.ಆರ್.ಪುರದಿಂದ ಹಾರ್ಡ್‌ವೇರ್ ಅಂಗಡಿಯ ಮಲ್ಲಿಕಣ್ಣ, ತಂಡಕ್ಕೆ ಚೆಂಡು ಕೊಡಿಸಿದವರು. ಕೊಪ್ಪದಿಂದ ನಾನು. ನಾನು ಜೀವಮಾನದಲ್ಲಿ ಬಾಸ್ಕೆಟ್‌ಬಾಲ್ ಮುಟ್ಟಿದವನಲ್ಲ, ನನ್ನ ಎತ್ತರಕ್ಕೆ ಆ ಬುಟ್ಟಿ ಆಕಾಶವಾಣಿ. ಸಭೆ ಸೇರಲು ಕೊಪ್ಪವೇ ಎಲ್ಲರಿಗೂ ಅನುಕೂಲ, ನನ್ನ ಅಂಗಡಿಯಲ್ಲಿ ಮೂರು ಸ್ಟೂಲು ಇವೆ. ನನ್ನ ಆಯ್ಕೆಗೆ ಇದ್ದ ಅರ್ಹತೆ ಇಷ್ಟೇ.

ಸುಪ್ರೀತಾ ನಮ್ಮ ಗಾರ್ಡ್. ಅಂದರೆ ಚೆಂಡನ್ನು ಹಿಂದಿನಿಂದ ಮುಂದಕ್ಕೆ ತಂದು, ಎದುರಾಳಿಗಳ ಸಂದಿಯಲ್ಲಿ ನುಸುಳಿ, ಬುಟ್ಟಿಯ ಹತ್ತಿರ ನಿಂತವರ ಕೈಗೆ ಕೊಡುವವಳು. ಅಪ್ಪ ಶೇಖರಣ್ಣ ಬಸರೀಕಟ್ಟೆಯ ಒಂದು ಕಾಫಿ ತೋಟದಲ್ಲಿ ಜೀಪಿನ ಡ್ರೈವರ್. ಹೈಸ್ಕೂಲಿನಲ್ಲಿ ಗಾಳಿ ಬಿಟ್ಟಿದ್ದ ಹಳೇ ಚೆಂಡೊಂದನ್ನು ಕೇಳಿ ತಂದು, ಪಂಕ್ಚರ್ ಹಾಕಿಸಿ, ತೋಟದ ಕಾಫಿ ಕಣದಲ್ಲಿ ಕಲಿತವಳು. ಕಣ ಅಂದರೆ ಕಾಫಿ ಒಣಗಿಸುವ ಸಿಮೆಂಟಿನ ಅಂಗಳ. ಸುಗ್ಗಿಯಲ್ಲಿ ಅದರ ತುಂಬ ಕಾಫಿ ಹರಡಿರುತ್ತದೆ, ನಡುವೆ ಆಳುಗಳು ಓಡಾಡಲು ಒಂದು ಮೊಳ ಅಗಲದ ದಾರಿ. ಈ ಹುಡುಗಿ ಆ ದಾರಿಯಲ್ಲೇ ಚೆಂಡು ಪುಟಿಸಿಕೊಂಡು ಓಡುತ್ತಿದ್ದಳು. ಚೆಂಡು ಕಾಫಿಯ ಮೇಲೆ ಬಿದ್ದರೆ ಹಾಜರಿ ಬರೆಯುವ ರೈಟರು ಬೈಯುತ್ತಿದ್ದರು. ಹೀಗೆ ಬೈಗುಳ ತಪ್ಪಿಸಿಕೊಳ್ಳಲು ಕಲಿತ ಕೈಯನ್ನು ಐದು ಜನ ಅಡ್ಡ ನಿಂತರೂ ತಡೆಯಲಾಗುವುದಿಲ್ಲ, ನಾನು ಕಣ್ಣಾರೆ ಕಂಡಿದ್ದೇನೆ.

ಎರಡು ವರ್ಷದಿಂದ ಹೀಗೆ ಆಡುತ್ತಿರುವವಳು ಇವತ್ತಿಗೂ ತಾತ್ಕಾಲಿಕ! ನಮ್ಮಲ್ಲಿ ಖಾಯಂ ಆದವರಿಗೆ ಮೂರು ವರ್ಷ ತಂಡದಲ್ಲಿ ಜಾಗ, ಶೂ, ಬೆನ್ನ ಮೇಲೆ ಹೆಸರು ಬರೆಸಿದ ಜೆರ್ಸಿ. ತಾತ್ಕಾಲಿಕದವರಿಗೆ ಯಾರದ್ದೋ ಬಿಟ್ಟ ಜೆರ್ಸಿ. ಹಿಂದಿನ ಗಾರ್ಡ್ ವನಿತಾ ಮದುವೆಯಾಗಿ ತೀರ್ಥಹಳ್ಳಿಗೆ ಹೋಗುವಾಗ ಬಿಟ್ಟದ್ದನ್ನು ಇವಳಿಗೆ ಕೊಟ್ಟೆವು, ಬೆನ್ನ ಮೇಲೆ ‘ವನಿತಾ’ ಎಂದೇ ಇದೆ. ಈ ತಿಂಗಳ ಮೊದಲಲ್ಲಿ ಭದ್ರಾವತಿಯಲ್ಲಿ ಪಂದ್ಯ ಗೆದ್ದಾಗ ಮರುದಿನದ ಪೇಪರಿನಲ್ಲಿ ‘ವನಿತಾ ಅಮೋಘ ಆಟ’ ಎಂದು ಬಂತು. ಬೆಳಗ್ಗೆ ಏಳಕ್ಕೆ ತೀರ್ಥಹಳ್ಳಿಯಿಂದ ಫೋನು. “ಸರ್, ನನಗೀಗ ಏಳು ತಿಂಗಳು. ಡಾಕ್ಟ್ರು ಮೆಟ್ಲು ಹತ್ಬೇಡಿ ಅಂದಿದಾರೆ. ನಮ್ಮತ್ತೆ ಪೇಪರ್ ಹಿಡ್ಕೊಂಡು, ನಿನ್ನೆ ಎಲ್ಲಿಗೆ ಹೋಗಿದ್ದೆ ಅಂತ ಕೇಳ್ತಾ ಇದಾರೆ. ನೀವೇ ಒಂದ್ ಮಾತು ಹೇಳಿ ಸರ್.” ನಾನು ಆ ಅತ್ತೆಗೆ ಹತ್ತು ನಿಮಿಷ ವಿವರಿಸಿದೆ. ಎಲ್ಲ ಕೇಳಿ ಅವರು ಅಂದದ್ದು, “ಹಂಗಾರೆ ಆಡಿದ ಕೂಸಿನ ಹೆಸರು ಹಾಕ್ಸೋಕೆ ನಿಮಗೆ ಎಂತ ರೋಗ?”

ಅದೇ ವಾರ ಸುಪ್ರೀತಾ ಅಂಗಡಿಗೆ ಬಂದಳು. “ಸರ್, ಶಿವಮೊಗ್ಗದ ಟೀಮಿನವ್ರು ಕರೀತಿದಾರೆ. ನಂಗೆ ಇಲ್ಲೇ ಆಡ್ಬೇಕು ಅಂತಿದೆ. ಖಾಯಂ ಮಾಡಿದ್ರೆ ಹೋಗಲ್ಲ. ತಿಂಗಳ ಕೊನೆ ಒಳಗೆ ಹೇಳ್ತೀರಾ?” ಎಂದಳು. ಕೇಳುವಾಗ ಮೆಟ್ಟಿಲ ಮೇಲೇ ನಿಂತಿದ್ದಳು, ಸ್ಟೂಲು ಖಾಲಿ ಇದ್ದರೂ ಕೂರಲಿಲ್ಲ. ಅವಳು ಹೋದರೆ ನಮ್ಮ ತಂಡ ಮುಗಿಯಿತು, ಚೆಂಡು ಮುಂದಕ್ಕೆ ತರಲು ಇನ್ನೊಬ್ಬರಿಲ್ಲ. ಅವತ್ತೇ ಸಮಿತಿ ಕರೆದೆ.

ಸುಬ್ಬಣ್ಣ ಮೇಷ್ಟ್ರು ಸ್ಕೋರ್ ಹಾಳೆ ಬಿಡಿಸಿ, “ಹುಡುಗಿ ಚುರುಕು, ಇಲ್ಲ ಅನ್ನಲ್ಲ. ಆದ್ರೆ ಭದ್ರಾವತೀಲಿ ನಾಲ್ಕೇ ಪಾಯಿಂಟು ಮಾರಾಯ” ಎಂದರು. ನಾಲ್ಕೇ! ಬುಟ್ಟಿಯ ಹತ್ತಿರ ನಿಲ್ಲುವ ನಮ್ಮ ಎತ್ತರದ ದೀಕ್ಷಾ ಹಾಕಿದ ಒಂಬತ್ತು ಬಾಸ್ಕೆಟ್ಟಿಗೆ ಚೆಂಡು ಎಲ್ಲಿಂದ ಬಂತು, ಮಾಡಿನಿಂದ ಉದುರಿತೇ? ಊಟ ಬಡಿಸಿದವರನ್ನು ‘ನೀನು ಎಷ್ಟು ಉಂಡೆ’ ಎಂದು ಕೇಳಿ ಮಾರ್ಕು ಕೊಡುವ ನ್ಯಾಯ ಇದು. ಮಲ್ಲಿಕಣ್ಣನದು ಇನ್ನೊಂದು ರಾಗ. “ನಾಳೆ ಇವಳೂ ಮದುವೆ ಆಗಿ ಹೋದ್ರೆ? ಹೆಸರು ಹಾಕಿಸಿದ ಜೆರ್ಸಿ ದಂಡ ಅಲ್ದಾ?” ಇದೇ ಮಲ್ಲಿಕಣ್ಣ ತನ್ನ ಅಂಗಡಿಯ ಬೋರ್ಡಿನ ಮೇಲೆ ‘ಅಂಡ್ ಸನ್ಸ್’ ಎಂದು ಬರೆಸಿದ್ದು ಮದುವೆಗೆ ಮೊದಲು! ನಾನು ಮೇಜು ಕುಟ್ಟಿದೆ. ಒಂದು ಗಾಜು ಬಿದ್ದು ಒಡೆಯಿತು. ಗಾಜಿನ ಚೂರು ಆರಿಸುತ್ತಾ ಮಲ್ಲಿಕಣ್ಣ, “ಸಿಟ್ಟು ಮಾಡ್ಬೇಡಿ. ಒಂದ್ಸಲ ಮನೆ ನೋಡ್ಕೊಂಡು ಬರುವ. ಜನ ಹೆಂಗೆ ಅಂತ ಗೊತ್ತಾಗ್ತದೆ” ಎಂದರು. ಬಾಸ್ಕೆಟ್‌ಬಾಲಿಗೂ ಮನೆಗೂ ಏನು ಸಂಬಂಧ ಎಂದು ನಾನು ಕೂಗಾಡಿದೆ. ಕೂಗಾಡಿ, ಭಾನುವಾರ ಅವರ ಜೊತೆ ಹೊರಟೆ.

ಹೋದದ್ದು ಯಾರ ಜೀಪಿನಲ್ಲಿ ಗೊತ್ತೇ? ಹುಡುಗಿಯ ಅಪ್ಪನದೇ. ಪಾಪ ಶೇಖರಣ್ಣ ತೋಟದ ಸಾಹುಕಾರರ ಹತ್ತಿರ ಕೇಳಿಕೊಂಡು ಜೀಪು ತಂದು, ತನ್ನ ಮಗಳ ಪರೀಕ್ಷಕರನ್ನು ತಾನೇ ಹೊತ್ತುಕೊಂಡು ಹೋದ. ಲೈನ್ ಮನೆಯ, ಅಂದರೆ ತೋಟದ ಕೆಲಸದವರ ಸಾಲುಮನೆಯ ಮುಂದೆ ಮೂರು ಪ್ಲಾಸ್ಟಿಕ್ ಕುರ್ಚಿ, ಒಂದು ಹೊಸದು, ಎರಡು ಪಕ್ಕದ ಮನೆಯವು. ಒಳಗಿಂದ ಸುಪ್ರೀತಾ ತಟ್ಟೆಯಲ್ಲಿ ಕಾಫಿ, ಕೇಸರಿಬಾತು, ಖಾರದ ಅವಲಕ್ಕಿ ಹಿಡಿದುಕೊಂಡು ತಲೆ ತಗ್ಗಿಸಿ ಬಂದಳು. ಈ ದೃಶ್ಯ ನನಗೆ ಗೊತ್ತು! ಸುಬ್ಬಣ್ಣ ಮೇಷ್ಟ್ರಿಗೆ ಗೊತ್ತಾಗಲಿಲ್ಲ, ಅವರ ಬಾಯಿ ಅಭ್ಯಾಸದ ಮೇಲೆ ಓಡಿತು. ಕೇಸರಿಬಾತು ಬಾಯಿಗಿಟ್ಟು, “ಇದು ನೀನೇ ಮಾಡಿದ್ದಾ ಮಗಾ? ಹಾಡು ಗೀಡು ಬರ್ತದಾ?” ಎಂದು ಕೇಳಿಯೇಬಿಟ್ಟರು.

ಇಲ್ಲಿ ನನ್ನದೊಂದು ಹಳೆಯ ಕಥೆ ಹೇಳಬೇಕು. ಇಪ್ಪತ್ತೆಂಟು ವರ್ಷದ ಹಿಂದೆ ಅಡ್ಡಗದ್ದೆಯಲ್ಲಿ ಶಾರದೆಯನ್ನು ನೋಡಲು ಹೋದಾಗ ನಾನು ಒಪ್ಪಿದ್ದು ಅವಳು ಬಾಗಿಲು ದಾಟುವ ಮೊದಲೇ. ಆದರೂ ಜೊತೆಗೆ ಬಂದಿದ್ದ ನನ್ನ ಸೋದರಮಾವ ಕೈ ತೊಳೆದು, ಮೀಸೆ ಒರೆಸಿ, “ಊರಿಗೆ ಹೋಗಿ ತಿಳಿಸ್ತೇವೆ” ಎಂದರು. ತಿಳಿಸಿದ್ದು ಇಪ್ಪತ್ತು ದಿನದ ಮೇಲೆ. ಹುಡುಗಿ ಕಡೆಯವರಿಗೆ ನಾವು ಸಸ್ತಾ ಅನ್ನಿಸಬಾರದಂತೆ. ಆ ಇಪ್ಪತ್ತು ದಿನ ಶಾರದೆ ಅಂಚೆಯವನ ದಾರಿ ಕಾದು, ಅವಳ ಚಿಕ್ಕಮ್ಮ ‘ಬಣ್ಣ ಕಮ್ಮಿ ಆಯ್ತೇನೋ’ ಎಂದದ್ದನ್ನು ಕೇಳಿಸಿಕೊಂಡು, ಅತ್ತದ್ದು ನನಗೆ ಆಮೇಲೆ ತಿಳಿಯಿತು. ಆಮೇಲೆ ಅಂದರೆ ಇಪ್ಪತ್ತೆಂಟು ವರ್ಷದಿಂದ ವಾರಕ್ಕೊಮ್ಮೆ ತಿಳಿಯುತ್ತಲೇ ಇದೆ.

ಹಾಡು ಬರ್ತದಾ ಎಂದಾಗ ಸುಪ್ರೀತಾ ತಟ್ಟೆ ಕೆಳಗಿಟ್ಟು ತಲೆಯೆತ್ತಿದಳು. “ಹಾಡು ಬರಲ್ಲ ಸರ್. ಕಣಕ್ಕೆ ಬನ್ನಿ” ಎಂದು ಮೂವರನ್ನೂ ಕರೆದುಕೊಂಡು ಹೋಗಿ, ಮೂರು ಮೂಲೆಯಲ್ಲಿ ನಿಲ್ಲಿಸಿದಳು. “ಕೈ ಎದೆ ಹತ್ರ ಇಟ್ಕೊಳಿ. ಅಲ್ಲಾಡ್ಬೇಡಿ.” ಚೆಂಡು ಪುಟಿಸುತ್ತಾ ಓಡಿದಳು. ಮಲ್ಲಿಕಣ್ಣನ ಕಡೆ ನೋಡುತ್ತಾ ಮೇಷ್ಟ್ರಿಗೆ ಎಸೆದಳು, ಮೇಷ್ಟ್ರನ್ನು ನೋಡುತ್ತಾ ನನಗೆ ಎಸೆದಳು. ಚೆಂಡು ನನ್ನ ಅಂಗೈಯಲ್ಲಿ ಬಂದು ಕೂತಿತು. ನಾನು ಹಿಡಿದದ್ದಲ್ಲ, ಅದೇ ಬಂದು ಕೂತದ್ದು. ಐವತ್ತಾರು ವರ್ಷದಲ್ಲಿ ಮೊದಲ ಸಲ ನಾನು ಆಟಗಾರ ಅನ್ನಿಸಿತು. ಮೇಷ್ಟ್ರು ಮಗುವಿನ ಹಾಗೆ, “ಇನ್ನೊಂದ್ ಸಲ ಮಗಾ, ಇನ್ನೊಂದ್ ಸಲ” ಎನ್ನುತ್ತಿದ್ದರು.

ಮತ್ತೆ ಮನೆ ಮುಂದೆ ಬಂದು ಕುರ್ಚಿಯಲ್ಲಿ ಕೂತಾಗ ಶೇಖರಣ್ಣ ಟೋಪಿ ಕೈಯಲ್ಲಿ ಹಿಡಿದು ಬಂದ. “ಎಂತ ಸರ್, ಆಗ್ಬಹುದಾ?” ಎಂದ. ಮೇಷ್ಟ್ರೂ ಮಲ್ಲಿಕಣ್ಣನೂ ನನ್ನ ಮುಖ ನೋಡಿದರು. ಸುಪ್ರೀತಾಳೂ ನೋಡಿದಳು. ಅವಳಿಗಾಗಿ ಮೇಜು ಕುಟ್ಟಿದವನು, ಗಾಜು ಒಡೆದವನು ನಾನು. ಗಂಟಲು ಸರಿಮಾಡಿಕೊಂಡೆ. ಅದೇನಾಯಿತೋ, ಹೊಟ್ಟೆಯಲ್ಲಿದ್ದ ಕೇಸರಿಬಾತಿನ ಪ್ರಭಾವವೋ, ಕುರ್ಚಿಯ ಗತ್ತೋ ಗೊತ್ತಿಲ್ಲ. ನನ್ನ ಬಾಯಿಂದ, ನನ್ನ ಸೋದರಮಾವನ ದನಿಯಲ್ಲಿ, “ಊರಿಗೆ ಹೋಗಿ ತಿಳಿಸ್ತೇವೆ” ಎಂಬ ಮಾತು ಬಂತು. ಹುಡುಗಿ ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಮನೆಗೆ ಬಂದು ಶಾರದೆಗೆ ಹೇಳಿದೆ. ಅವಳು ಬೈದಿದ್ದರೆ ಚೆನ್ನಾಗಿತ್ತು. ಒಳಗೆ ಹೋಗಿ ಕುಕ್ಕರಿನ ಮುಚ್ಚಳ ಹಾಕಿದ ಸದ್ದಿಗೆ ನಾನು ಅರ್ಧ ಇಳಿದುಹೋದೆ. ಬೆಳಗಾದ ಕೂಡಲೇ ಮಲ್ಲಿಕಣ್ಣನಿಗೆ ಫೋನು ಮಾಡಿ, ಇನ್ನು ತಡಮಾಡಿದರೆ ರಾಜೀನಾಮೆ ಎಂದು ಗುಡುಗಿದೆ. “ಅಲ್ಲ ಮಾರಾಯ್ರೆ, ನಾವಿಬ್ರೂ ಕಣದಲ್ಲೇ ಒಪ್ಪಿ ಆಗಿತ್ತು. ನೀವು ತಿಳಿಸ್ತೇವೆ ಅಂದ್ರಲ್ಲ, ನಿಮಗೇ ಏನೋ ಅಸಮಾಧಾನ ಅಂತ ಮೇಷ್ಟ್ರು ರಾತ್ರಿ ಫೋನಲ್ಲಿ ಬೇಜಾರು ಮಾಡ್ಕೊಂಡ್ರು” ಎಂದರು. ಇದಕ್ಕೆ ಯಾರ ಮೇಲೆ ಸಿಟ್ಟು ಮಾಡಬೇಕು, ನೀವೇ ಹೇಳಿ.

ಅವತ್ತೇ ಜೆರ್ಸಿ ಬರೆಸಿದೆ. ಬೆನ್ನ ಮೇಲೆ ‘ಸುಪ್ರೀತಾ’, ದೂರದವರಿಗೂ ಕನ್ನಡಕವಿಲ್ಲದೆ ಕಾಣುವಷ್ಟು ದಪ್ಪ ಅಕ್ಷರ. ಸಂಜೆ ಮೈದಾನಕ್ಕೆ ನಾನೇ ಒಯ್ದು ಕೊಟ್ಟು, ಮೂರು ವರ್ಷಕ್ಕೆ ಖಾಯಂ ಎಂದು ಗತ್ತಿನಿಂದ ಹೇಳಿದೆ. ಅವಳು ಜೆರ್ಸಿ ಬಿಡಿಸಿದಳು, ಹೆಸರಿನ ಮೇಲೆ ಒಂದು ಸಲ ಕೈಯಾಡಿಸಿದಳು, ಮಡಿಕೆ ಕೆಡದ ಹಾಗೆ ಮಡಚಿ ನನ್ನ ಕೈಗೇ ಕೊಟ್ಟಳು. “ಥ್ಯಾಂಕ್ಸ್ ಸರ್. ನಿನ್ನೆ ಸಂಜೆ ಶಿವಮೊಗ್ಗದವ್ರೂ ಮನೆಗೆ ಬಂದಿದ್ರು. ಅಪ್ಪನ ಹತ್ರ ಮಾತಾಡಿ ತಿಳಿಸ್ತೀನಿ” ಎಂದು ನಕ್ಕು, ‘ವನಿತಾ’ ಎಂದು ಬರೆದ ಬೆನ್ನು ತಿರುಗಿಸಿ ಆಡಲು ಓಡಿದಳು.

ಇವತ್ತಿಗೆ ಐದು ದಿನ. ಜೆರ್ಸಿ ಅಂಗಡಿಯ ಗಾಜಿನ ಕಪಾಟಿನಲ್ಲಿ ಕನ್ನಡಕಗಳ ಪಕ್ಕ ಇದೆ, ಬಂದವರೆಲ್ಲ ಯಾರದು ಎಂದು ಕೇಳುತ್ತಾರೆ. ಫೋನು ರಿಂಗಾದರೆ ಗಿರಾಕಿಯ ಕಣ್ಣಿನ ಮುಂದಿಟ್ಟ ಗಾಜು ಬಿಟ್ಟು ಓಡುತ್ತೇನೆ. ಒಂದು ಹೂಂ, ಇಲ್ಲ ಒಂದು ಊಹೂಂ, ಹೇಳಲು ಎಷ್ಟು ಹೊತ್ತು ಬೇಕು? ಕಾಯುವವರ ಹೊಟ್ಟೆಯ ಸಂಕಟ ಈಗಿನ ಹುಡುಗಿಯರಿಗೆ ಅರ್ಥವಾಗುವುದೇ ಇಲ್ಲವೇ ಎಂದು ರಾತ್ರಿ ಊಟಕ್ಕೆ ಕೂತಾಗ ಕೂಗಾಡಿದೆ. ಶಾರದೆ ನನ್ನ ತಟ್ಟೆಗೆ ಸಾರು ಬಡಿಸಿ, ಬೆರಳು ಮಡಚಿ ಲೆಕ್ಕ ಹಾಕಿ, ಬಹಳ ಸಮಾಧಾನದಿಂದ, “ಇನ್ನೂ ಹದಿನೈದು ದಿನ ಇದೆ” ಎಂದಳು.