ಆಯಿಯ ಆಧಾರ್, ನನ್ನ ಟಿಕೆಟ್

ರೈಲಿನ ವಿಷಯದಲ್ಲಿ ನನಗೆ ಸಂಯಮವೆಂಬುದಿಲ್ಲ. ಉಳಿದ ವಿಷಯಗಳಲ್ಲಿ ನಾನು ಸಾಕಷ್ಟು ಗಂಭೀರಳು. ಮದುವೆ ಮನೆಗೆ ಹೋದರೆ ಮೂಲೆಯ ಕುರ್ಚಿ ಹುಡುಕುತ್ತೇನೆ, ಪಕ್ಕದ ಮನೆಯವರು ನನ್ನ ಸಂಬಳ ಕೇಳಿದರೆ ಈ ಸಲದ ಬಿಸಿಲಿನ ಬಗ್ಗೆ ಉತ್ತರ ಕೊಡುತ್ತೇನೆ, ಫೋಟೊ ತೆಗೆಯುವಾಗ ಯಾರದಾದರೂ ಹೆಗಲಿನ ಹಿಂದೆ ನಿಲ್ಲುತ್ತೇನೆ. ಆದರೆ ದೂರದ ತಿರುವಿನಲ್ಲಿ ಎಂಜಿನ್ನಿನ ಮುಖ ಕಂಡಿತೋ, ಪ್ಲಾಟ್‌ಫಾರ್ಮಿನಲ್ಲಿ ಹಿಮ್ಮಡಿ ಎತ್ತಿ ನೋಡುವವರಲ್ಲಿ ನಾನೇ ಮೊದಲು. ಇದಕ್ಕೆ ದೊಡ್ಡ ಕಾರಣವೇನೂ ಇಲ್ಲ. ನಮ್ಮ ಇಳಕಲ್ಲಿನಲ್ಲಿ ರೈಲಿಲ್ಲ, ಪಕ್ಕದ ಹುನಗುಂದದಲ್ಲೂ ಇಲ್ಲ. ಬೇಕೆಂದರೆ ಬಾಗಲಕೋಟೆಗೋ ಬಾದಾಮಿಗೋ ಬಸ್ಸು ಹಿಡಿದು ಹೋಗಬೇಕು. ದಿನಾ ಕಾಣುವವರಿಗೆ ಅದು ಗಾಡಿ, ನಮ್ಮಂಥವರಿಗೆ ಅದೊಂದು ಸಂಭ್ರಮ.

ನಾನೀಗ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಧಾರವಾಡದಲ್ಲಿ ಅದನ್ನೇ ಓದುವಾಗ ಹೋಗಿ ಬಂದು ಮಾಡಿದ್ದರಿಂದ ಮನೆಯಲ್ಲಿ ರೈಲಿನ ಬಗ್ಗೆ ಏನೇ ಸಂಶಯ ಬಂದರೂ ನನ್ನನ್ನೇ ಕೇಳುವುದು ರೂಢಿ. ನಾನೂ ನಿಯಮಗಳನ್ನೆಲ್ಲ ಓದಿಕೊಂಡಿದ್ದೇನೆ. ಜನ ವಾರಪತ್ರಿಕೆಯ ಧಾರಾವಾಹಿ ಓದಿದಂತೆ ನಾನು ರೈಲ್ವೆಯ ನಿಯಮ ಓದುತ್ತೇನೆ. ಓದಿದಷ್ಟೂ ಕುತೂಹಲ ಹೆಚ್ಚಾಗುತ್ತದೆ, ಮುಂದೇನಾಗುತ್ತದೆಂದು ಊಹಿಸುವುದು ಸಾಧ್ಯವೇ ಇಲ್ಲ. ಅದೇ ಹಳಿ, ಅದೇ ಊರು. ಪ್ಯಾಸೆಂಜರಿಗೆ ಒಂದು ದರ, ಎಕ್ಸ್‌ಪ್ರೆಸ್ಸಿಗೆ ಇನ್ನೊಂದು, ಅದರ ಹೆಸರಿನ ಮುಂದೆ ಸೂಪರ್ ಸೇರಿದರೆ ಮತ್ತೊಂದು. ಐದು ವರ್ಷ ದಾಟಿದ ಮಗುವಿಗೆ ಅರ್ಧ ಟಿಕೆಟ್, ಆದರೆ ಮಗು ಮಲಗುವ ಜಾಗ ಕೇಳಿದರೆ ಅದು ದೊಡ್ಡವರ ಸಮ. ಒಮ್ಮೆ ಇದನ್ನೆಲ್ಲ ಕೈಮಗ್ಗದ ಮುಂದೆ ಕೂತಿದ್ದ ಅಪ್ಪನಿಗೆ ವಿವರಿಸಿದೆ. ಅಪ್ಪ ಲಾಳಿ ನಿಲ್ಲಿಸಿ, "ಅಲ್ಲ ಯವ್ವಾ, ಆ ಗಾಡಿ ಎಲ್ಲಾ ಊರಾಗ ನಿಲ್ತೈತಿ, ಈ ಗಾಡಿ ಎರಡ ಊರಾಗ ನಿಲ್ತೈತಿ. ಕಡಿಮಿ ಊರು ತೋರಿಸಿ ಹೆಚ್ಚಿಗಿ ರೊಕ್ಕ ತಗೊಳ್ಳೂದು ಯಾವ ನ್ಯಾಯ?" ಎಂದರು. ಬೇಗ ಮುಟ್ಟಿಸುವುದಕ್ಕೆ ಬೆಲೆ ಎಂದೆ. "ಹಂಗಾದ್ರ ವಾರಗಟ್ಲೆ ಕೂತು ಒಂದ ಸೀರಿ ನೇಯೋ ನನಗ ಕಡಿಮಿ, ದಿನಕ್ಕ ಹತ್ತಾರು ಉಗುಳೂ ಪವರ್‌ಲೂಮಿಗೆ ಹೆಚ್ಚಿಗಿ ಕೊಡಬೇಕೇನು?" ಎಂದು ಮತ್ತೆ ಲಾಳಿ ಎಸೆದರು.

ಈಗ ಹೇಳಹೊರಟಿರುವುದು ಆಯಿಯ ಸಂಗತಿ. ಆಯಿ ಎಂದರೆ ಅಪ್ಪನ ತಾಯಿ. ಅಕ್ಕನನ್ನು ವಿಜಯಪುರಕ್ಕೆ ಕೊಟ್ಟಿದೆ, ಅವಳ ಎರಡನೆಯ ಬಾಣಂತನ ಗಂಡನ ಮನೆಯಲ್ಲೇ ಆಯಿತು. ನಮ್ಮ ಮನೆತನದಲ್ಲಿ ಕೂಸನ್ನು ಬರಿದಲೆಯಲ್ಲಿ ತೊಟ್ಟಿಲಿಗೆ ಹಾಕುವುದಿಲ್ಲ. ಮನೆಯ ಹಿರಿಯಳು ಖಣದ ಬಟ್ಟೆಯಲ್ಲಿ ಹೊಲಿದ ಕುಂಚಿಗೆ ತಲೆಗೆ ಬಿದ್ದ ಮೇಲೆಯೇ ತೊಟ್ಟಿಲು. ಆ ಕುಂಚಿಗೆಯೂ ಮೊದಲು ಬನಶಂಕರಿಯ ಪಾದ ಮುಟ್ಟಿ ಬರಬೇಕು, ಅವಳು ನಮ್ಮ ಮನೆದೇವರು. ಅಪ್ಪ ಅವ್ವ ತೊಟ್ಟಿಲ ಶಾಸ್ತ್ರದ ಹಿಂದಿನ ದಿನವೇ ಇಳಕಲ್ಲಿನಿಂದ ನೇರ ಬಸ್ಸಿನಲ್ಲಿ ವಿಜಯಪುರಕ್ಕೆ ಹೋಗುವುದು, ನಾನು ಮರುದಿನ ಆಯಿಯನ್ನು ಬನಶಂಕರಿಗೆ ಕರೆದುಕೊಂಡು ಹೋಗಿ ಸಂಜೆ ದೀಪ ಹಚ್ಚುವ ಹೊತ್ತಿಗೆ ತೊಟ್ಟಿಲ ಮನೆ ಮುಟ್ಟುವುದು ಎಂದು ನಿಶ್ಚಯವಾಯಿತು. ಬಾದಾಮಿಯಿಂದ ವಿಜಯಪುರಕ್ಕೆ ರೈಲಿದೆ ಎಂದು ನನ್ನ ಬಾಯಿಂದ ಬಂದದ್ದು ಆಗ. ಆಯಿ ಜನ್ಮದಲ್ಲಿ ರೈಲು ಹತ್ತಿದವಳಲ್ಲ. ಅವಳನ್ನು ಮೊದಲ ಸಲ ಕಿಟಕಿಯ ಪಕ್ಕ ಕೂರಿಸುವವಳು ನಾನು ಎಂದು ನೆನೆದರೆ ನನಗೇ ನಿದ್ದೆ ಬರಲಿಲ್ಲ. ಅವ್ವ ಹೊರಡುವ ಮುನ್ನ ಒಂದೇ ಮಾತು ಹೇಳಿದಳು: "ನಿನ್ನ ರೈಲಿನ ಹುಚ್ಚಿನಾಗ ಕುಂಚಿಗಿ ತಡಾ ಆತಂದ್ರ, ಅಷ್ಟೂ ಬೀಗರ ಮುಂದ ಉತ್ತರಾ ನೀನ ಕೊಡಬೇಕು ನೋಡು." ಬೀಗರ ಮುಂದೆ ಮಾತಾಡುವುದಿರಲಿ, ನೀರು ಕೇಳುವುದೂ ನನ್ನಿಂದಾಗದ ಕೆಲಸ.

ಬೆಳಿಗ್ಗೆ ಬಸ್ಸು ಹತ್ತಿದೆವು. ಆಯಿ ಸೆರಗಿನ ತುದಿಯಿಂದ ಆಧಾರ್ ಕಾರ್ಡು ಬಿಚ್ಚಿ ಕಂಡಕ್ಟರನ ಮೂಗಿನ ಹತ್ತಿರ ಹಿಡಿದಳು. ನಮ್ಮ ಸರ್ಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ದುಡ್ಡಿಲ್ಲ, ಕಾರ್ಡು ತೋರಿಸಿದರೆ ಸೊನ್ನೆಯ ಚೀಟಿ. ಅದು ಬಂದಂದಿನಿಂದ ಆಯಿಗೆ ಆಧಾರ್ ಕಾರ್ಡೆಂದರೆ ತಾಳಿಗಿಂತ ಒಂದು ಗುಂಜಿ ಹೆಚ್ಚು. ಗುಳೇದಗುಡ್ಡ ದಾಟುವಾಗ ನಾನು ಮೊಬೈಲಿನಲ್ಲಿ ಇಬ್ಬರಿಗೂ ರೈಲು ಟಿಕೆಟ್ ತೆಗೆದೆ. ಇದಕ್ಕೂ ಕಾರಣವಿತ್ತು. ಈ ಮೊಬೈಲ್ ಟಿಕೆಟ್ಟಿನ ನಿಯಮ ಬಹಳ ಸೊಗಸಾಗಿದೆ. ರೈಲಿನಿಂದ ದೂರವಿದ್ದಾಗ ಕೊಡುತ್ತದೆ, ರೈಲಿನ ಹತ್ತಿರ ಹೋದರೆ ಕೊಡುವುದಿಲ್ಲ. ನಿಲ್ದಾಣದೊಳಗೆ ನಿಂತು ಕೇಳಿದರೆ, ನೀವು ಹಳಿಗೆ ತೀರ ಸಮೀಪವಿದ್ದೀರಿ, ಹೊರಗೆ ಹೋಗಿ ಬನ್ನಿ ಎನ್ನುತ್ತದೆ. ಅದಕ್ಕೇ ಮೊದಲೇ ತೆಗೆದಿಟ್ಟೆ. ತೆಗೆದ ಮೂರು ತಾಸಿನೊಳಗೆ, ಇಲ್ಲವೆ ಮುಂದಿನ ಮೊದಲ ಗಾಡಿಯಲ್ಲಿ ಹೊರಡಬೇಕು, ಆಮೇಲೆ ಅದು ಟಿಕೆಟ್ಟಲ್ಲ. ದರ್ಶನಕ್ಕೆ ಇಷ್ಟು, ಆಟೋಕ್ಕೆ ಇಷ್ಟು ಎಂದು ಲೆಕ್ಕ ಹಾಕಿದೆ. ಧಾರಾಳವಾಗಿ ಸಮಯವಿತ್ತು.

ಆಯಿ ಓರೆಗಣ್ಣಿನಿಂದ ನೋಡಿ, "ಏನ್ ಒತ್ತಾಕತ್ತೀ?" ಎಂದಳು.

"ರೈಲಿನ ಟಿಕೆಟ್ ತಗದೆ ಆಯಿ."

"ಹುಚ್ಚಿ ಅದಿ ಏನು? ಹೆಣ್ಮಕ್ಕಳಿಗೆ ಪುಕ್ಕಟ ಐತಿ. ಮೊದಲ ಏರೂದು, ಆಮ್ಯಾಲೆ ಅವ ಬರ್ತಾನ, ಕಾರ್ಡ್ ತೋರಸೂದು."

ರೈಲಿನಲ್ಲಿ ಹಾಗಿಲ್ಲ, ಹಿಂದೆ ವಯಸ್ಸಾದವರಿಗೆ ರಿಯಾಯಿತಿಯಾದರೂ ಇತ್ತು, ಈಗ ಅದೂ ಇಲ್ಲ ಎಂದೆ. ಆಯಿ ನನ್ನನ್ನು ಕನಿಕರದಿಂದ ನೋಡಿದಳು. ಇಷ್ಟು ಓದಿಸಿದ್ದು ಇದಕ್ಕೇನು ಎಂಬುದು ಆ ನೋಟದಲ್ಲಿತ್ತು.

ಬನಶಂಕರಿಯಲ್ಲಿ ದರ್ಶನ ಚಕಚಕನೆ ಆಯಿತು. ಕುಂಚಿಗೆ ದೇವಿಯ ಪಾದ ಮುಟ್ಟಿ, ಕುಂಕುಮ ಹಚ್ಚಿಸಿಕೊಂಡು ಆಯಿಯ ಚೀಲ ಸೇರಿತು. ನನ್ನ ಲೆಕ್ಕ ತಪ್ಪಿದ್ದು ಗುಡಿಯ ಮುಂದಿನ ಹೊಂಡದ ಮೆಟ್ಟಿಲ ಮೇಲೆ. ನೇಕಾರರ ಮನೆಯ ಹೆಂಗಸನ್ನು ಸೀರೆಗಳ ನಡುವೆ ಬಿಡಬಾರದು. ನೀವು ನಾವು ಎದುರು ಬಂದವರ ಮುಖ ನೋಡುತ್ತೇವೆ, ಆಯಿ ಸೆರಗು ನೋಡುತ್ತಾಳೆ. ಕೈಮಗ್ಗದ್ದೋ ಪವರ್‌ಲೂಮಿನದೋ ಎಂದು ಬೆರಳಲ್ಲಿ ಹಿಡಿದು ತೀರ್ಪು ಕೊಡದೆ ಯಾರನ್ನೂ ಮುಂದೆ ಹೋಗಗೊಡುವುದಿಲ್ಲ. ಮೂರು ಜನರ ತೀರ್ಪು ಮುಗಿದು ನಾಲ್ಕನೆಯವಳ ಸೆರಗು ತಿರುವಿದವಳು ಹಾಗೇ ನಿಂತಳು. ನಮ್ಮ ಕಡೆ ಸೀರೆಯ ಮೈಯನ್ನೂ ಸೆರಗನ್ನೂ ಬೇರೆ ಬೇರೆ ಹಾಸಿ, ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುತ್ತಾರೆ. ಆ ಕೊಂಡಿಯನ್ನು ಉಗುರಿನಿಂದ ಸವರಿ ಆಯಿ, "ಯವ್ವಾ, ಈ ಸೀರಿ ಎಲ್ಲೀದು?" ಎಂದಳು.

"ನಮ್ಮತ್ತೀದ್ರಿ ಆಯಿ. ಇಳಕಲ್ಲಾಗ ತಗೊಂಡದ್ದಂತ, ಭಾಳ ವರ್ಷ ಆತು."

"ಇದರ ಕೊಂಡಿ ಹಾಕಿದಾಕಿ ನಾನ."

ಆ ಹೆಂಗಸು ನಂಬಿದಳೋ ಬಿಟ್ಟಳೋ ಗೊತ್ತಿಲ್ಲ, ಆದರೆ ಅಲ್ಲೇ ಮೆಟ್ಟಿಲ ಮೇಲೆ ಆಯಿಯ ಪಕ್ಕ ಕೂತುಬಿಟ್ಟಳು. ಇಬ್ಬರೂ ಆ ಸೀರೆಯ ಹಿಂದುಮುಂದೆಲ್ಲ ಮಾತಾಡಿದರು. ನಾನು ಎರಡು ಸಲ ಕೆಮ್ಮಿದೆ. ಮೂರನೆಯ ಸಲ ಕೆಮ್ಮಲು ಮನಸ್ಸಾಗಲಿಲ್ಲ. ಯಾವ ಮನೆಗೆ ಹೋಯಿತೆಂದು ತಿಳಿಯದೆ ಮಾರಿದ ಸಾವಿರಾರು ಸೀರೆಗಳಲ್ಲಿ ಒಂದು ತಾನಾಗಿ ಎದುರು ಬಂದಾಗ, ಮೊಬೈಲ್ ಟಿಕೆಟ್ಟಿನ ಅವಧಿ ಮುಗಿಯುತ್ತಿದೆ ಎಂದು ಹೇಳುವುದು ಹೇಗೆ?

ಆಟೋದಲ್ಲಿ ಬಾದಾಮಿ ನಿಲ್ದಾಣ ಮುಟ್ಟುವಾಗ ಗಾಡಿಯ ಕೊನೆಯ ಡಬ್ಬಿ ನಮ್ಮೆದುರೇ ಹೊರಟುಹೋಯಿತು. ಮೂರು ತಾಸೂ ಹೋಗಿತ್ತು. ಮುಂದಿನ ಗಾಡಿ ಸ್ವಲ್ಪ ಹೊತ್ತಿನಲ್ಲೇ ಇತ್ತು, ಅದು ಸರಿಯಾಗಿ ಓಡಿದರೆ ದೀಪದ ಹೊತ್ತಿಗೆ ಮುಟ್ಟಬಹುದಿತ್ತು. ಅದು ತಪ್ಪಿದರೆ ಕುಂಚಿಗೆಯೂ ತಪ್ಪಿದಂತೆಯೇ. ಕೌಂಟರಿನ ಮುಂದೆ ಗುಹೆ ನೋಡಲು ಬಂದಿದ್ದ ಒಂದು ಇಡೀ ಕಾಲೇಜು ಸಾಲು ಹಚ್ಚಿತ್ತು. ಮೊಬೈಲ್ ತೆರೆದೆ. ನೀವು ಹಳಿಗೆ ತೀರ ಸಮೀಪವಿದ್ದೀರಿ ಎಂದಿತು. ಆಯಿಯನ್ನು ಬೆಂಚಿನ ಮೇಲೆ ಕೂರಿಸಿ, ಎಲ್ಲೂ ಏಳಬೇಡ ಎಂದು ಹೇಳಿ ಹೊರಗೆ ಓಡಿದೆ. ಗೇಟಿನ ಹೊರಗೆ ನಿಂತೆ, ಇನ್ನೂ ಸಮೀಪವಂತೆ. ಆಟೋ ಸ್ಟ್ಯಾಂಡು ದಾಟಿದೆ, ಇನ್ನೂ ಸಮೀಪ. ರೈಲಿಗಾಗಿ ರೈಲಿನಿಂದ ದೂರ ಓಡುತ್ತಿರುವ ನನ್ನನ್ನು ಚಹಾದಂಗಡಿಯವನು ಸೌಟು ಹಿಡಿದುಕೊಂಡೇ ನೋಡಿದ. ಅವನ ಅಂಗಡಿಯನ್ನೂ ದಾಟಿದ ಮೇಲೆ ಮೊಬೈಲ್ ಒಪ್ಪಿತು. ಹಣ ಹೋಗುವ ಚಕ್ರ ತಿರುಗತೊಡಗಿತು. ಅದು ತಿರುಗುತ್ತಿರುವಾಗಲೇ ಹಿಂದಿನಿಂದ ಎಂಜಿನ್ನಿನ ಸೀಟಿ ಕೇಳಿಸಿತು.

ನಾನು ಓಡಿದ ರೀತಿಯನ್ನು ನನ್ನ ವಿದ್ಯಾರ್ಥಿಗಳು ಯಾರೂ ನೋಡಿರಲಿಕ್ಕಿಲ್ಲ ಎಂದು ನಂಬಿದ್ದೇನೆ. ಪ್ಲಾಟ್‌ಫಾರ್ಮಿಗೆ ಬಂದರೆ ಬೆಂಚು ಖಾಲಿ. ಗಾಡಿ ನಿಂತಿದೆ. ಸಾಮಾನ್ಯ ಡಬ್ಬಿಯೊಂದರ ಕಿಟಕಿಯ ಸರಳುಗಳ ಹಿಂದಿನಿಂದ ಆಯಿ ಕೈ ಬೀಸುತ್ತಿದ್ದಾಳೆ. "ಬಾ ಲಗೂನ, ನಿನಗೂ ಜಾಗಾ ಹಿಡದೇನಿ." ಪಕ್ಕದ ಸೀಟಿನ ಮೇಲೆ ಕುಂಚಿಗೆಯ ಚೀಲ ಕೂತಿತ್ತು. ಟಿಕೆಟ್ಟಿಲ್ಲದೆ ರೈಲು ಹತ್ತಬಾರದು ಎಂಬುದು ನಾನು ಓದಿದ ಮೊಟ್ಟಮೊದಲ ನಿಯಮ. ಚಕ್ರ ಇನ್ನೂ ತಿರುಗುತ್ತಲೇ ಇತ್ತು. ಗಾಡಿ ಅಲುಗಿತು. ಹತ್ತಿದೆ. ಹತ್ತಿದ ಮೇಲೆ ಮೊಬೈಲ್ ಹೇಳಿತು, ವ್ಯವಹಾರ ವಿಫಲವಾಗಿದೆ.

ಆಯಿ ಮಾತ್ರ ಹೊಸ ಸೀರೆಯ ಮಡಿಕೆ ಬಿಚ್ಚಿದಂತೆ ಹೊರಗಿನದನ್ನೆಲ್ಲ ನೋಡುತ್ತಿದ್ದಳು. "ಬಸ್ಸಿನಂಗ ಎತ್ತಿ ಒಗ್ಯಾಂಗಿಲ್ಲ ನೋಡು," ಎಂದು ಎದುರಿನ ಹೆಂಗಸಿಗೆ ಹೇಳಿದಳು. ನನಗೂ ಭಯದ ನಡುವೆಯೇ ಖುಷಿ ತಡೆಯಲಾಗಲಿಲ್ಲ. ಅಷ್ಟರಲ್ಲಿ ಡಬ್ಬಿಯ ಆ ತುದಿಯಿಂದ ಟಿಸಿ ಬಂದರು. ಆಯಿ ಸಿದ್ಧಳಾಗಿಯೇ ಇದ್ದಳು. ಕಾರ್ಡು ಮುಂದೆ ಹಿಡಿದಳು.

"ಎರಡು ಹೆಣ್ಣು. ಬಿಜಾಪುರ."

ಟಿಸಿ ಕಾರ್ಡಿನ ಫೋಟೊ ನೋಡಿದರು, ಆಯಿಯ ಮುಖ ನೋಡಿದರು. "ಆಯಿ, ಇದು ಬಸ್ ಅಲ್ರಿ."

"ಅದು ನನಗೂ ಕಾಣ್ತೈತಪಾ. ಅದೂ ಸರಕಾರದ್ದ, ಇದೂ ಸರಕಾರದ್ದ."

"ಆ ಸರಕಾರ ಬ್ಯಾರೆ, ಈ ಸರಕಾರ ಬ್ಯಾರೆ ಆಯಿ."

"ಸರಕಾರ ಬ್ಯಾರೆ ಇರವಲ್ದ್ಯಾಕ. ಹೆಣ್ಮಕ್ಕಳು ಅವರ ಅಲ್ಲೇನು?"

ಇಡೀ ಡಬ್ಬಿ ನಕ್ಕಿತು. ಟಿಸಿಯೂ ನಕ್ಕು ನನ್ನ ಕಡೆ ತಿರುಗಿದರು. ನನ್ನ ಕೈಯಲ್ಲಿದ್ದ ಮೊಬೈಲಿನಲ್ಲಿ ಬೆಳಗಿನ ಟಿಕೆಟ್ ತೆರೆದಿತ್ತು. ಬಾದಾಮಿಯಿಂದ ವಿಜಯಪುರ, ಇಬ್ಬರು, ಇಂದಿನ ತಾರೀಕು. "ಐತಲ್ಲ ಮತ್ತ. ಮೊಮ್ಮಗಳು ತಗದಾಳ ಬಿಡ್ರಿ ಆಯಿ," ಎಂದು ಮುಂದೆ ಹೊರಟರು.

ಇಲ್ಲಿ ನಾನು ಸುಮ್ಮನಿರಬೇಕಿತ್ತು. ಸುಮ್ಮನಿರುವುದು ನನ್ನ ಸ್ವಭಾವವೂ ಹೌದು. ಆದರೆ ತಪ್ಪು ಉತ್ತರಕ್ಕೆ ಸರಿ ಗುರುತು ಬಿದ್ದರೆ ನನಗೆ ಮೈಯೆಲ್ಲ ಕಡಿತ ಶುರುವಾಗುತ್ತದೆ.

"ಸರ್, ಅದು ನಡ್ಯಾಂಗಿಲ್ರಿ," ಎಂದೆ.

"ಯಾವುದು?"

"ಟಿಕೆಟ್. ಮೂರು ತಾಸು ಮುಗದಾವು. ಮೊದಲ್ನೇ ಗಾಡೀನೂ ಹೋಗೇತಿ."

ಟಿಸಿ ನಿಧಾನವಾಗಿ ಹಿಂದಕ್ಕೆ ಬಂದರು. "ಮೇಡಂ, ನಾ ನಿಮ್ಮನ್ನ ಕೇಳಿದ್ನೇನ್ರಿ?"

"ಇಲ್ರಿ."

"ಮತ್ತ ಈಗ ಹಿಂಗ ಎಲ್ಲಾರ ಮುಂದ ಹೇಳಿದ್ರ ನಾ ಹೆಂಗ ಬಿಡ್ಲಿ? ದಂಡ ಕಟ್ರಿ, ಇಲ್ಲಾಂದ್ರ ಬಾಗಲಕೋಟ್ಯಾಗ ಇಳೀರಿ."

ಎದುರಿನ ಹೆಂಗಸು, "ಯಕ್ಕಾ, ನಿನಗ್ಯಾಕ ಬೇಕಿತ್ತ ಇದು? ಹೊಂಟಿದ್ರಲ್ಲ ಅವರು," ಎಂದಳು. ಮೇಲಿನ ಹಲಗೆಯಿಂದ ಒಂದು ದನಿ, "ಸಾಲಿ ಕಲಿಸ್ತಾರಂತ ಕಾಣ್ತೈತಿ" ಎಂದಿತು. ಆಯಿ ಕುಂಚಿಗೆಯ ಚೀಲವನ್ನು ಎದೆಗೆ ಒತ್ತಿಕೊಂಡಳು. ದಂಡ ಕಟ್ಟಲು ಮೊಬೈಲ್ ತೆಗೆದೆ. ಚಕ್ರ ಮತ್ತೆ ತಿರುಗತೊಡಗಿತು. ಟಿಸಿ ಸೀಟಿನ ಅಂಚಿಗೆ ಕೂತರು. ಆಯಿ ಅವರಿಗೆ ಬನಶಂಕರಿಯ ಪ್ರಸಾದದ ಕೊಬ್ಬರಿ ಕೊಟ್ಟಳು, ಅವರು ಕಣ್ಣಿಗೆ ಒತ್ತಿಕೊಂಡು ತಿಂದರು. ಬಾಗಲಕೋಟೆ ಹತ್ತಿರವಾಗುತ್ತಿತ್ತು, ಜನ ಚೀಲ ಹೊತ್ತು ಬಾಗಿಲಿಗೆ ಹೋಗುತ್ತಿದ್ದರು, ಚಕ್ರ ನಿಲ್ಲಲೊಲ್ಲದು. ಇಡೀ ಡಬ್ಬಿ ಕತ್ತು ಚಾಚಿ ನನ್ನ ಮೊಬೈಲ್ ನೋಡುತ್ತಿತ್ತು. ಗಾಡಿ ಪ್ಲಾಟ್‌ಫಾರ್ಮಿಗೆ ಉಜ್ಜಿ ನಿಲ್ಲುವ ಹೊತ್ತಿಗೆ ಹಸಿರು ಗುರುತು ಬಂತು. "ಬಂತು ಬಂತು" ಎಂದು ಮೇಲಿನ ಹಲಗೆಯವನೇ ಮೊದಲು ಹೇಳಿದ. ಟಿಸಿ ರಸೀದಿ ಹರಿದು ಕೊಟ್ಟು, ಆಯಿಗೆ ಕೈಮುಗಿದು, ನನ್ನನ್ನು ಒಮ್ಮೆ ನೋಡಿ ಇಳಿದರು.

ಆಲಮಟ್ಟಿಯ ಹತ್ತಿರ ಸೇತುವೆ ಮೇಲೆ ಗಾಡಿ ಹೋಗುವಾಗ ಆಯಿ ನನ್ನ ಮುಂಗೈ ಹಿಡಿದುಕೊಂಡಳು. ಎರಡೂ ಕಡೆ ನೀರೇ ನೀರು. ದಂಡದ ರಸೀದಿ ಕಿಸೆಯಲ್ಲಿದ್ದರೂ ಆ ಹೊತ್ತು ನನ್ನಷ್ಟು ಸುಖಿ ಆ ಗಾಡಿಯಲ್ಲಿ ಯಾರೂ ಇರಲಿಲ್ಲ.

ಅಕ್ಕನ ಮನೆ ಮುಟ್ಟಿದಾಗ ದೀಪಕ್ಕೆ ಎಣ್ಣೆ ಹಾಕುತ್ತಿದ್ದರು. ಕುಂಚಿಗೆ ಕೂಸಿನ ತಲೆಯೇರಿತು, ಕೂಸು ತೊಟ್ಟಿಲೇರಿತು. ಅವ್ವ ನನ್ನನ್ನು ನೋಡಿ ತಲೆಯಾಡಿಸಿದಳು, ಬೀಗರಿಗೆ ಉತ್ತರ ಕೊಡುವ ಪ್ರಸಂಗ ಬರಲಿಲ್ಲ. ಹಾಡು ಮುಗಿದ ಮೇಲೆ ಬೀಗರ ಮನೆಯ ಹೆಂಗಸರೆಲ್ಲ ಆಯಿಯ ಸುತ್ತ ಕೂತರು, ರೈಲು ಹೆಂಗಿತ್ತ್ರಿ ಎಂದು ಕೇಳಿದರು. ಆಯಿ ಹೇಳಿದಳು. ರೈಲಿನಲ್ಲೂ ಹೆಣ್ಣುಮಕ್ಕಳಿಗೆ ಪುಕ್ಕಟೆ, ಕಾರ್ಡು ನೋಡಿ ಅವನು ನಕ್ಕು ಮುಂದೆ ಹೋದ, ಈ ಹುಡುಗಿಯೇ ಅವನನ್ನು ಕರೆದು ನಿಲ್ಲಿಸಿ ರೊಕ್ಕ ಕೊಟ್ಟಳು. ನಾನು ಬಾಯಿ ತೆರೆದೆ. ಕಂಡದ್ದನ್ನು ಕಂಡ ಹಾಗೆಯೇ ಹೇಳಿದ್ದಳು, ತಿದ್ದಲು ಒಂದು ಅಕ್ಷರವೂ ಸಿಗಲಿಲ್ಲ.

ಮರುದಿನ ಅಕ್ಕನ ಅತ್ತೆ ಸೊಲ್ಲಾಪುರಕ್ಕೆ ಹೊರಟಿದ್ದರು, ಆಯಿಯೂ ಜೊತೆಗೆ ಹೋಗಿ ಬರುವುದೆಂದಾಯಿತು, ರೈಲಿನಲ್ಲೇ. ನಾನು ಬೆಳಿಗ್ಗೆ ಎದ್ದು, ಜಡೆ ಹಾಕಿಕೊಂಡು, ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತೆ. ಆಯಿ ಸೆರಗಿನ ಗಂಟು ಮುಟ್ಟಿ ನೋಡಿಕೊಳ್ಳುತ್ತಾ ಹೊರಬಂದವಳು ನನ್ನನ್ನು ಕಂಡು ಮೆಟ್ಟಿಲಲ್ಲೇ ನಿಂತಳು.

"ನೀ ಬ್ಯಾಡ ತಂಗಿ," ಎಂದಳು, ಬಹಳ ಮೃದುವಾಗಿ. "ನೀ ಬಂದ್ರ ಟಿಕೇಟ್ ಬೀಳತೈತಿ."