ಕೈಪಿಡಿಯ ಕೊನೆಯ ಪುಟದ ನಂಬರು

ನೀರಿನ ಪಂಪು ಕೆಟ್ಟರೆ ದರ್ಜಿಗೆ ಫೋನ್ ಮಾಡುವುದು ಯಾವ ಸೀಮೆಯ ನ್ಯಾಯ? ಪಂಪ್ ಕಾರ್ಖಾನೆಯ ಕೈಪಿಡಿಯ ಕೊನೆಯ ಪುಟದಲ್ಲಿ ‘ಸಂದೇಹವಿದ್ದರೆ ಲೇಖಕರನ್ನು ಸಂಪರ್ಕಿಸಿ’ ಎಂದು ಕೊಟ್ಟಿದ್ದ ನಂಬರನ್ನು, ಕೈಪಿಡಿ ಬರೆದ ಎಂಜಿನಿಯರು ಎಂದೋ ಬಿಟ್ಟುಕೊಟ್ಟಿದ್ದರು. ಅದು ಕೈ ಬದಲಾಗಿ ನಮ್ಮ ದರ್ಜಿಯ ಪಾಲಿಗೆ ಬಂದು, ಅವನ ಅಂಗಡಿಯ ಬೋರ್ಡಿನ ಮೇಲೂ ಗಿರಾಕಿಗಳ ನಾಲಿಗೆಯ ಮೇಲೂ ನೆಲೆಸಿತ್ತು. ಕೈಪಿಡಿ ಮಾತ್ರ ಹಳೆಯ ಪಾಠವನ್ನೇ ಒಪ್ಪಿಸುತ್ತಿತ್ತು.

ಅಂದು ಬೆಳಿಗ್ಗೆ ವಕೀಲರ ಕೋಟಿನ ತೋಳಿಗೆ ಕತ್ತರಿ ಇಟ್ಟಿದ್ದೇ ತಡ, ಫೋನು ಬಡಿದುಕೊಂಡಿತು.

“ಸಾರ್, ಪಂಪು ಹುಲಿ ಥರ ಗುರ್ ಅಂತಿದೆ, ನೀರು ನೋಡಿದ್ರೆ ಬೆಕ್ಕಿನ ಕಣ್ಣೀರಷ್ಟು!”

ಕತ್ತರಿ ಜಾರಿತು. ವಕೀಲರ ತೋಳು ಮೊಣಕೈಗೇ ಮುಗಿದುಹೋಯಿತು.

“ನಂಬರ್ ಬದಲಾಯಿಸ್ರೀ, ಪೀಡೆ ಕಳೆಯುತ್ತೆ” ಎಂದಳು ಹೆಂಡತಿ.

“ಅತ್ತಿಗೆ ಹೇಳೋದೇ ಸರಿ ಅಣ್ಣ” ಎಂದು ಪಕ್ಕದಂಗಡಿಯ ಗಡಿಯಾರ ರಿಪೇರಿಯವನು ಕರೆಯದೆಯೇ ಒಳಗೆ ಬಂದ. “ಇಲ್ಲಾಂದ್ರೆ ಪಂಪ್ ರಿಪೇರಿಗೂ ಒಂದು ಬೋರ್ಡ್ ಹಾಕ್ಬಿಡು.”

“ತಪ್ಪು ಅವರದು, ದಂಡ ನನಗಾ? ಈ ನಂಬರ್ ನಂಬಿರೋ ನನ್ನ ಗಿರಾಕಿಗಳು ಎಲ್ಲಿಗೆ ಹೋಗ್ಬೇಕು? ಬದಲಾಗಬೇಕಾದ್ದು ಪುಸ್ತಕ!” ಎಂದು ಗುಡುಗಿ ದರ್ಜಿ ಕಾರ್ಖಾನೆಯ ಕಚೇರಿಗೆ ನಡೆದ.

“ಲೇಖಕರ ವಿವರ ಲೇಖಕರು ಹೇಳಿದ್ರೆ ಮಾತ್ರ ತಿದ್ದೋದು. ಈಗಲೇ ಕೇಳ್ತೀನಿ ಇರಿ” ಎಂದು ಗುಮಾಸ್ತೆ ನಂಬರು ಒತ್ತಿದಳು. ದರ್ಜಿಯ ಜೇಬು ಕೂಗಿತು.

“ಹಲೋ, ಲೇಖಕರಾ?” ಎಂದಳು, ಎದುರಿಗೇ ಕುಳಿತು.

“ಅಲ್ಲಮ್ಮಾ! ತಲೆ ಎತ್ತಿ ನೋಡು, ದರ್ಜಿ!”

“ಹಾಗಾದ್ರೆ ಇಡಿ. ಆಮೇಲೆ ಮತ್ತೆ ಮಾಡ್ತೀನಿ.”

ಹೌದೆಂದು ಒಂದು ಸುಳ್ಳಾಡಿದ್ದರೆ ಕೆಲಸ ಅಲ್ಲೇ ಮುಗಿಯುತ್ತಿತ್ತು. ಆದರೆ ಸುಳ್ಳನ್ನು ಸುಳ್ಳಿನಿಂದ ಅಳಿಸುವುದು ಕೆಸರಿನಿಂದ ಕೆಸರು ತೊಳೆದಂತೆ. ದರ್ಜಿ ಅಲ್ಲೇ ಕುರ್ಚಿ ಎಳೆದುಕೊಂಡು ಕುಳಿತ. ಅವಳು ಮತ್ತೆ ಮತ್ತೆ ಒತ್ತಿದಳು, ಜೇಬು ಮತ್ತೆ ಮತ್ತೆ ಕೂಗಿತು. ಗದ್ದಲ ಕೇಳಿ ಮ್ಯಾನೇಜರೇ ಹೊರಬಂದರು.

“ಬರೆದವರು ಎಲ್ಲಿದ್ದಾರೆ ಅಂತ ತಿಳೀದ ಪುಸ್ತಕ ಹಂಚ್ತೀರಲ್ಲ ಸ್ವಾಮೀ, ನಾಚಿಕೆ ಆಗಲ್ವಾ?” ದರ್ಜಿ ಕೂಗುತ್ತಿದ್ದ ಫೋನನ್ನು ಮೇಜಿನ ಮೇಲಿಟ್ಟ. “ಹೆಸರು ಒಬ್ಬರದು, ನಂಬರ್ ಇನ್ನೊಬ್ಬರದು! ಎರಡೂ ಒಬ್ಬರದೇ ಆಗೋವರೆಗೂ ನಾನು ಏಳಲ್ಲ!”

ಮ್ಯಾನೇಜರ ಮನಸ್ಸು ಕರಗಿತು. “ನಿಮ್ಮಂಥೋರು ಬೇಕು ಯಜಮಾನ್ರೇ. ಆ ಎಂಜಿನಿಯರನ್ನ ಹುಡುಕಿ ಹುಡುಕಿ ನಮಗೂ ಸಾಕಾಗಿದೆ. ಕೈಪಿಡಿ ಈಗ ಇಂಟರ್ನೆಟ್ಟಲ್ಲೇ ಇರೋದು, ಸಂಜೆಯೊಳಗೆ ತಿದ್ದಿಸ್ತೀನಿ. ನಿಮ್ಮ ಹೆಸರು ಹೇಳಿ.”

ದೂರು ಬರೆದುಕೊಳ್ಳಲಿಕ್ಕಿರಬೇಕೆಂದು ದರ್ಜಿ ಅಕ್ಷರ ಅಕ್ಷರ ಬಿಡಿಸಿ ಹೇಳಿ, ಎದೆಯುಬ್ಬಿಸಿ ಅಂಗಡಿಗೆ ಮರಳಿದ.

ಸಂಜೆ ಹೆಂಡತಿ ತನ್ನ ಫೋನಿನಲ್ಲಿ ಕೈಪಿಡಿಯ ಕೊನೆಯ ಪುಟ ತೆರೆದಳು. ನಂಬರು ಅದೇ. ಅದರ ಮೇಲೆ ‘ಲೇಖಕರು’ ಎಂಬಲ್ಲಿ ದಪ್ಪಕ್ಷರದಲ್ಲಿ ದರ್ಜಿಯ ಹೆಸರು!

“ಎರಡೂ ಒಬ್ಬರದೇ ಆಯ್ತಲ್ಲ, ಲೇಖಕರೇ” ಎಂದು ಅವಳು ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

ಅಷ್ಟರಲ್ಲೇ ದರ್ಜಿಯ ಫೋನು ಕೂಗಿತು. “ಲೇಖಕರಾ ಸಾರ್? ಬೆಳಿಗ್ಗೆಯಿಂದ ಮನೇಲಿ ಹನಿ ನೀರಿಲ್ಲ.”

ದರ್ಜಿ ಬೈಯಲು ಬಾಯಿ ತೆರೆದ, ಮುಚ್ಚಿದ.

“ಒಂದ್ನಿಮಿಷ ಇರಪ್ಪಾ” ಎಂದವನು ಕನ್ನಡಕ ಒರೆಸಿಕೊಂಡು ಹೆಂಡತಿಯತ್ತ ತಿರುಗಿದ. “ಮೊದಲನೇ ಪುಟ ತೆಗಿಯೇ. ಏನು ಬರೆದಿದ್ದೀನೋ ನೋಡೋಣ.”