ನೋಡದೇ ಇರುವ ನೋಡ್

"ಅಕ್ಕಾ, ನೋಡು! ಇದೇ ನೋಡ್!"

"ನೋಡ್ತಾನೇ ಇದೀನಲ್ಲೋ. ಏನದು?"

"ಅದೇ. ನೋಡ್!"

"ಎಷ್ಟು ಸಲ ಹೇಳಿದ್ರೂ ನನ್ನ ಕಣ್ಣಿಗೆ ಕಾಣೋದು ಒಂದೇ. ಅದು ನನ್ನ ಇಡ್ಲಿ ಸ್ಟ್ಯಾಂಡು!"

ನನ್ನ ತಮ್ಮ ವಾದಿರಾಜನ ಯಂತ್ರಗಳ ಉದ್ಘಾಟನೆ ಯಾವಾಗಲೂ ಹೀಗೆಯೇ ಶುರುವಾಗುತ್ತದೆ. ಟೆಲಿಫೋನ್ ಇಲಾಖೆಯಿಂದ ನಿವೃತ್ತನಾದ ಮೇಲೆ ಇವನಿಗೆ ಬೇರೆ ಕೆಲಸವಿಲ್ಲ. ಮದುವೆ ಆಗೋ ಅಂದರೆ 'ಮುಂದಿನ ವರ್ಷ' ಎನ್ನುತ್ತ ಅರವತ್ತು ದಾಟಿದ. ಮೈಸೂರಿನ ನಮ್ಮ ಪುಟ್ಟ ಬೀದಿಯಲ್ಲಿ ಇವನ ಸಾಹಸಗಳು ಗೊತ್ತಿಲ್ಲದವರಿಲ್ಲ. ದೋಸೆ ಮಗುಚುವ ಯಂತ್ರ ಮಾಡಿದಾಗ ದೋಸೆ ಹೆಂಚು ಬಿಟ್ಟು ಹಾರಿ ಎದುರುಮನೆಯ ಮರಿಸ್ವಾಮಿಯವರ ಸ್ಕೂಟರ್ ಸೀಟಿಗೆ ಅಂಟಿಕೊಂಡಿತ್ತು. ತಾನೇ ರಂಗೋಲಿ ಹಾಕುವ ಪೊರಕೆ ಮಾಡಿದಾಗ ಅದು ನಮ್ಮ ಬಾಗಿಲಲ್ಲಿ ಶುರು ಮಾಡಿ ಬಸ್ ಸ್ಟ್ಯಾಂಡಿನವರೆಗೂ ಎಳೆ ಎಳೆಯಿತು!

ಈ ಸಲದ ಪ್ರದರ್ಶನಕ್ಕೆ ವರಾಂಡದಲ್ಲಿ ಮೂವರು ಪ್ರೇಕ್ಷಕರು. ನಾನು, ನಿವೃತ್ತ ಬಸ್ ಕಂಡಕ್ಟರ್ ಮರಿಸ್ವಾಮಿ, ಮತ್ತು ಪಕ್ಕದ ಮನೆಯ ಮಂದಾಕಿನಿ ಟೀಚರ್. ಟೀಚರೂ ಒಂಟಿ ಜೀವವೇ. ನಿವೃತ್ತಿಯಾಗಿ ಎರಡು ವರ್ಷವಾಗಿದ್ದರೂ ಕೈಯಲ್ಲಿ ಚಾಕ್‌ಪೀಸ್ ಇದೆಯೇನೋ ಎಂಬ ಹಾಗೆ ಕೂರುತ್ತಾರೆ.

ವಾದಿ ಗಂಟಲು ಸರಿ ಮಾಡಿಕೊಂಡ. "ಕ್ರಿಪ್ಟೋ ನಾಣ್ಯ ಅಂತ ಕೇಳಿದೀರಲ್ಲ? ಕಂಪ್ಯೂಟರಲ್ಲೇ ಹುಟ್ಟಿ ಕಂಪ್ಯೂಟರಲ್ಲೇ ಓಡಾಡೋ ದುಡ್ಡು. ಬ್ಯಾಂಕಿಲ್ಲ, ಮ್ಯಾನೇಜರಿಲ್ಲ. ಯಾರು ಯಾರಿಗೆ ಕಳಿಸಿದ್ರು ಅನ್ನೋ ಲೆಕ್ಕ ಇಡೋದು ಲೋಕದ ತುಂಬ ಇರೋ ಸಾವಿರಾರು ಕಂಪ್ಯೂಟರ್‌ಗಳು. ಅಂಥ ಒಂದೊಂದಕ್ಕೂ ನೋಡ್ ಅಂತ ಹೆಸರು."

"ಅಷ್ಟೊಂದು ನೋಡ್ ಇದ್ಮೇಲೆ ಯಾರದ್ದಾದ್ರೂ ಬಿಟ್ಟಿ ಸಿಕ್ತದಲ್ಲ ಸಾ?" ಎಂದರು ಮರಿಸ್ವಾಮಿ.

"ಸಿಗತ್ತೆ. ಆದ್ರೆ ಗುಟ್ಟು ಉಳಿಯಲ್ಲ. ನಮ್ಮನೇಲಿ ಸಕ್ಕರೆ ಮುಗೀತು ಅಂತ ನಿಮ್ಮನೇಲಿ ಕೇಳಿದ್ರೆ ಏನಾಗತ್ತೆ?"

"ಏನಾಯ್ತದೆ, ಕೊಡ್ತೀವಿ."

"ಕೊಡ್ತೀರಿ! ಆಮೇಲೆ ನಮ್ಮನೆಗೆ ನೆಂಟರು ಬಂದಿದಾರೆ ಅಂತ ಬೀದಿಗೆಲ್ಲ ಹೇಳ್ತೀರಿ! ಬೇರೆಯವರ ನೋಡ್ ಬಳಸಿದ್ರೂ ಹಾಗೇನೇ. ನಾವು ಯಾವ ಲೆಕ್ಕ ಕೇಳಿದ್ವಿ, ಎಲ್ಲಿಂದ ಕೇಳಿದ್ವಿ, ಎಲ್ಲ ಅವರಿಗೆ ಗೊತ್ತಾಗತ್ತೆ. ಅದಕ್ಕೇ ನಮ್ಮನೇದೇ ನೋಡ್ ಇರಬೇಕು."

ಮರಿಸ್ವಾಮಿ ಸ್ವಲ್ಪವೂ ನಾಚಿಕೊಳ್ಳದೆ ನಕ್ಕರು.

ಆದರೆ ಮನೆಯದೇ ನೋಡ್ ಇದ್ದರೂ ನಾಣ್ಯ ಈ ಮನೆಯಿಂದಲೇ ಹೊರಟಿತು ಅಂತ ಲೋಕಕ್ಕೆ ಕಾಣುತ್ತದಂತೆ. ಅದಕ್ಕೆ ಪದರದೊಳಗೆ ಪದರ ಸುತ್ತಿ, ದೇಶ ದೇಶ ಸುತ್ತಿಸಿ ಕಳಿಸುವ ಒಂದು ದಾರಿ ಇದೆಯಂತೆ. ಅದರ ಹೆಸರು ಈರುಳ್ಳಿ ದಾರಿ! ಹಿಂದಿನ ವಾರ ಇವನು ಆ ಮಾತೆತ್ತಿದ್ದೇ ತಡ ನಾನು ಸೌಟು ಹಿಡಿದು ಎದ್ದಿದ್ದೆ. ನಮ್ಮ ಮನೆಯ ಹೊಸ್ತಿಲನ್ನು ಈರುಳ್ಳಿ ಇವತ್ತಿನವರೆಗೂ ದಾಟಿಲ್ಲ. "ಹೆಸರಷ್ಟೇ ಕಣಕ್ಕಾ!" ಅಂದ. "ಹೆಸರಿಗೂ ವಾಸನೆ ಇರತ್ತೆ!" ಅಂದೆ. ಊರಿನವರ ಜೊತೆಗೆಲ್ಲ ವಾದ ಮಾಡುವ ವಾದಿ ನನ್ನ ಹತ್ತಿರ ಮಾತ್ರ ಬಾಯಿ ಮುಚ್ಚಿಕೊಳ್ಳುತ್ತಾನೆ.

"ಹಾಗಾಗಿ," ಎಂದು ಈಗ ಸ್ಟ್ಯಾಂಡಿನ ಮೇಲಿನ ತಟ್ಟೆ ಎತ್ತಿ ತೋರಿಸಿದ, "ಬಾಳೆದಿಂಡು ದಾರಿ! ಇದರಲ್ಲೂ ಪದರದೊಳಗೆ ಪದರ. ಮಡಿಗೂ ಸೈ, ವಿಜ್ಞಾನಕ್ಕೂ ಸೈ!"

ಒಂದೊಂದು ಇಡ್ಲಿ ತಟ್ಟೆಯ ನಡುವೆ ದುಂಡಗೆ ಹೆಚ್ಚಿದ ಬಾಳೆದಿಂಡು, ದಿಂಡಿನ ತುಂಬ ಚುಚ್ಚಿದ ತಂತಿಗಳು. ನಡುವಿನ ಕಂಬಿಗೆ ಹಸಿರು ದೀಪ. ನನ್ನ ಹೊಟ್ಟೆ ಉರಿದುಹೋಯಿತು. ಬಾಳೆಯ ಕಲೆ ಸತ್ತರೂ ಹೋಗುವುದಿಲ್ಲ!

ಟೀಚರ್ ಮಾತ್ರ ಮುಂದಕ್ಕೆ ಬಗ್ಗಿ ಕೇಳಿದರು, "ಹಾಗಾದ್ರೆ ಕಳಿಸಿದ್ದು ಯಾರು ಅಂತ ಆ ಕಡೆಯವರಿಗೆ ಗೊತ್ತಾಗೋದೇ ಇಲ್ವಾ ವಾದಿರಾಯರೇ?"

"ಗೊತ್ತಾಗೋದೇ ಇಲ್ಲ ಟೀಚರ್," ಎಂದ ವಾದಿ, ಅವರ ಮುಖ ಬಿಟ್ಟು ತನ್ನ ಚಪ್ಪಲಿಯನ್ನು ನೋಡುತ್ತ.

ಅವರಿಬ್ಬರೂ ಹೋದ ಮೇಲೆ ನಾನು ಹಿಡಿದುಕೊಂಡೆ. "ನಿಜ ಹೇಳೋ. ಮುಚ್ಚಿಡೋಕೆ ನಿನ್ನ ಹತ್ರ ಏನಿದೆ? ನಿನ್ನ ಬನಿಯನ್ನಿನ ತೂತು ಕೂಡ ಬೀದಿಗೆಲ್ಲ ಗೊತ್ತು!"

ತಂತಿ ಸುತ್ತುತ್ತಲೇ ಬಾಯಿಬಿಟ್ಟ. ವಿಷಯ ಇಷ್ಟು.

ಮಂದಾಕಿನಿ ಟೀಚರ್ ಹಳೆಯ ಹಾಡುಗಳನ್ನು ಚೆನ್ನಾಗಿ ಹೇಳುತ್ತಾರೆ. ಹಸೆ ಹಾಡು, ಆರತಿ ಹಾಡು, ತೊಟ್ಟಿಲ ಹಾಡು. ನಿವೃತ್ತಿಯ ಮೇಲೆ ಅವನ್ನೆಲ್ಲ ಹೆಸರು ಹಾಕದೆ, ಮೆಚ್ಚಿದವರು ನಾಣ್ಯ ಕಳಿಸಲು ಒಂದು ವಿಳಾಸವನ್ನಷ್ಟೇ ಕೊಟ್ಟು, ಇಂಟರ್‌ನೆಟ್ಟಿಗೆ ಸೇರಿಸತೊಡಗಿದ್ದರು. ಮೊದಲ ದಿನ ನಾನು ಕಾಂಪೌಂಡಿನ ಮೇಲಿಂದ "ಎಷ್ಟು ಚೆನ್ನಾಗಿತ್ತು!" ಅಂದೆ, ಮರಿಸ್ವಾಮಿ ಚಪ್ಪಾಳೆ ತಟ್ಟಿದರು. ಅಷ್ಟಕ್ಕೇ ಕಿಟಕಿ ಮುಚ್ಚಿಬಿಟ್ಟಿತು. "ಪಕ್ಕದ ಮನೆಯವರು ಚೆನ್ನಾಗಿಲ್ಲ ಅಂತ ಹೇಳೋಕಾಗತ್ತಾ ಅಂಬುಜಕ್ಕ? ದಾಕ್ಷಿಣ್ಯದ ಮೆಚ್ಚುಗೆ ನಂಗೆ ಬೇಡ," ಅಂದಿದ್ದರು. ತಿಂಗಳುಗಟ್ಟಲೆ ಆ ಮನೆಯಿಂದ ದನಿಯೇ ಬರಲಿಲ್ಲ. ಆಮೇಲೊಂದು ದಿನ ನಾರ್ವೆ ದೇಶದಿಂದ ಯಾರೋ ಒಂದು ನಾಣ್ಯ ಕಳಿಸಿದರು. ಜೊತೆಗೆ ಎರಡೇ ಪದ, 'ಇನ್ನೊಂದು ಹಾಡಿ'. ಅಲ್ಲಿ ನೆಲೆಸಿದ ಕನ್ನಡದವರು ಯಾರೋ ಇರಬೇಕು ಅಂತ ಟೀಚರ್ ಕುಣಿದಾಡಿದ್ದರು. ಮಾರನೆಯ ಬೆಳಿಗ್ಗೆಯೇ ಕಿಟಕಿ ತೆರೆದಿತ್ತು.

"ಆ ನಾರ್ವೆ ನಾನೇ ಅಕ್ಕಾ," ಎಂದ ವಾದಿ. "ಇಷ್ಟು ದಿನ ಯಾರದ್ದೋ ನೋಡ್ ನಂಬ್ಕೊಂಡು ಕಳಿಸ್ತಿದ್ದೆ. ಎಲ್ಲಿ ಸೋರಿಹೋಗತ್ತೋ ಅಂತ ಎದೆ ಹೊಡ್ಕೊಳತ್ತೆ. ನಾನು ಅಂತ ಗೊತ್ತಾದ್ರೆ ಕಿಟಕಿ ಮತ್ತೆ ಮುಚ್ಚತ್ತೆ."

ಈ ಪೆದ್ದನನ್ನು ಹೊಡೆಯಲೋ ಮುದ್ದು ಮಾಡಲೋ ತಿಳಿಯಲಿಲ್ಲ. ಇಡ್ಲಿ ಸ್ಟ್ಯಾಂಡಿನ ಮಾತು ಮತ್ತೆ ಎತ್ತಲಿಲ್ಲ.

ಎರಡು ದಿನ ಬಿಟ್ಟು ಟೀಚರ್ ಬಟ್ಟಲಲ್ಲಿ ಹೆಸರುಬೇಳೆ ಪಾಯಸ ಹಿಡಿದು ಒಬ್ಬರೇ ಬಂದರು.

"ವಾದಿರಾಯರೇ, ನನ್ನ ಹತ್ರಾನೂ ಒಂದಷ್ಟು ನಾಣ್ಯ ಸೇರಿದೆ. ಯಾರದ್ದೋ ನೋಡ್ ನಂಬೋ ಬದಲು ನಿಮ್ಮದಕ್ಕೇ ಸೇರ್ಕೊಳ್ಳಲಾ?"

"ಧಾರಾಳವಾಗಿ!"

"ಒಂದೇ ಮಾತು. ನನ್ನ ಲೆಕ್ಕ ನೀವು ನೋಡಬಾರದು."

"ಇಲ್ಲ ಟೀಚರ್. ನೋಡಲ್ಲ."

ಆ ಮಾತು ಉಳಿಸಿಕೊಳ್ಳಲು ನನ್ನ ತಮ್ಮ ಮಾಡಿದ ಕೆಲಸ ಕೇಳಿ! ಯಂತ್ರದ ಪರದೆ ಕಿತ್ತ. ಕೀಲಿಮಣೆ ಕಿತ್ತ. "ಪರದೆ ಇದ್ರೆ ಕಣ್ಣು ಹೋಗೇ ಹೋಗತ್ತೆ ಅಕ್ಕಾ," ಅಂದ. ಬದಲಿಗೆ ಒಂದು ಮೈಕು, ಒಂದು ಸ್ಪೀಕರು ಕೂಡಿಸಿದ. ಹೆಸರು ಹಿಡಿದು ಕರೆದರೆ ಯಂತ್ರ ಎಲ್ಲ ಸರಿಯಿದೆಯೇ ಎಂದು ಪರೀಕ್ಷಿಸಿ 'ಕ್ಷೇಮ' ಎಂದು ಒಂದೇ ಮಾತು ಹೇಳಬೇಕು, ಅಷ್ಟೇ.

ಹೆಸರು ಹಿಡಿದು! ಅದರ ಹೆಸರು ನೋಡ್! ಬೆಳಗಿನಿಂದ ರಾತ್ರಿಯವರೆಗೆ ಕನ್ನಡದವರ ಬಾಯಲ್ಲಿ ಆ ಮಾತು ಎಷ್ಟು ಸಲ ಬರುತ್ತದೆ ಎಂದು ಈ ಮಹಾನುಭಾವ ಯೋಚಿಸಿರಲೇ ಇಲ್ಲ.

"ವಾದೀ, ಹಾಲು ಉಕ್ಕತ್ತೆ ನೋಡೋ!"

"ಕ್ಷೇಮ!" ಎಂದಿತು ಯಂತ್ರ. ವಾದಿ ನೆಮ್ಮದಿಯಾಗಿ ಪೇಪರ್ ಓದುತ್ತ ಕೂತ. ಹಾಲೆಲ್ಲ ಒಲೆಯ ಪಾಲಾಯಿತು.

"ನನ್ ಬೀಪಿ ನೋಡಿ ಸಾ, ನೂರೆಂಬತ್ತು ಅಂತೆ!" ಎಂದು ಮರಿಸ್ವಾಮಿ ಡಾಕ್ಟರ ಚೀಟಿ ಹಿಡಿದು ಬಂದರೆ, "ಕ್ಷೇಮ!"

ಅವರು ಅದನ್ನೇ ನಂಬಿ ಹೋಗಿ ಎರಡು ಉಪ್ಪಿನಕಾಯಿ ಹೋಳು ಜಾಸ್ತಿ ತಿಂದರು.

ಇಷ್ಟಕ್ಕೇ ನಿಂತಿದ್ದರೆ ನಗಾಡಿಕೊಂಡು ಇರುತ್ತಿದ್ದೆವು. ಆದರೆ ಕಡಿದಿಟ್ಟ ಬಾಳೆದಿಂಡು ಸುಮ್ಮನಿರುವ ಜಾತಿಯಲ್ಲ. ಯಂತ್ರದ ಬಿಸಿಗೆ ದಿಂಡಿನ ಒಳತಿರುಳು ಮೇಲಕ್ಕೆ ಏಳತೊಡಗಿತು. ಜೊತೆಗೆ ನಾರು! ಈರುಳ್ಳಿಯ ಪದರ ಬಿಡಿಸಿದರೆ ಬೇರೆ ಬೇರೆಯಾಗುತ್ತದೆ, ಬಾಳೆದಿಂಡಿನ ಒಂದು ಪದರ ಎಳೆದರೆ ನಾರು ಇನ್ನೊಂದನ್ನೂ ಎಳೆದುಕೊಂಡು ಬರುತ್ತದೆ. ದಿಂಡು ಹೆಚ್ಚುವಾಗ ನಾನು ಬೆರಳಿಗೆ ಸುತ್ತಿ ತೆಗೆಯುವ ನಾರು ಅದು. ಈ ಎಂಜಿನಿಯರನಿಗೆ ಯಾರು ಹೇಳಬೇಕು! ಇತ್ತ ಯಂತ್ರಕ್ಕೂ ದಿನವಿಡೀ ಕರೆಸಿಕೊಂಡು ತಲೆಕೆಟ್ಟಿತು. 'ಕ್ಷೇಮ ಅಂದ್ರೂ ಕರೀತಾರೆ, ಇವರಿಗೆ ಇನ್ನೂ ಒಳಗಿನ ವಿಷಯ ಬೇಕೇನೋ' ಅಂದುಕೊಂಡಿರಬೇಕು.

ಶುಕ್ರವಾರ ಬೆಳಿಗ್ಗೆ ಟೀಚರ್ ನಗುನಗುತ್ತ ವರಾಂಡಕ್ಕೆ ಬಂದು ಕೂತರು. ಮರಿಸ್ವಾಮಿ ಅಲ್ಲೇ ಕಾಫಿ ಹೀರುತ್ತಿದ್ದರು. ಬೀದಿಯಲ್ಲಿ ಕಸದ ಗಾಡಿ ನಿಂತಿತ್ತು.

"ನೋಡಿ ಅಂಬುಜಕ್ಕ, ನಿನ್ನೆಯ ತೊಟ್ಟಿಲ ಹಾಡಿಗೂ ನಾರ್ವೆಯಿಂದ ನಾಣ್ಯ ಬಂತು!"

ಯಂತ್ರ ಕೆಮ್ಮಿತು. "ನಾರ್ವೆಗೆ ಅದು ಬಂದದ್ದು ಬ್ರೆಜಿಲಿನಿಂದ."

ವಾದಿಯ ಮುಖ ಸುಣ್ಣವಾಯಿತು. ಒಂದೊಂದು ಸಲ ಕರೆದಾಗಲೂ ಅದು ಒಂದೊಂದು ಪದರ ಸುಲಿಯುತ್ತಿದೆ ಎಂದು ನನಗೂ ಹೊಳೆಯಿತು.

"ಯಾರೂ ನೋಡು ಅನ್ಬೇಡಿ!" ಎಂದು ವಾದಿ ಚೀರಿದ.

"ಬ್ರೆಜಿಲಿಗೆ ಬಂದದ್ದು ಜಪಾನಿನಿಂದ."

"ಆಹಾ!" ಮರಿಸ್ವಾಮಿಗೆ ಹಳೆಯ ಕೆಲಸ ನೆನಪಾಯಿತು. "ಮುಂದಿನ ಸ್ಟಾಪ್ ಯಾವ್ದು ನೋಡೇಬಿಡಣ!"

"ಜಪಾನಿಗೆ ಬಂದದ್ದು ಮೈಸೂರಿನಿಂದ."

ಮೈಸೂರು ಎಂದ ತಕ್ಷಣ ಟೀಚರ್ ಮುಖದ ನಗು ಮಾಯವಾಯಿತು. ಇನ್ನು ಒಂದೇ ಪದರ! ವಾದಿ ಪ್ಲಗ್ ಕಿತ್ತ, ಬ್ಯಾಟರಿ ಇತ್ತು. ಬ್ಯಾಟರಿ ಕೀಳಲು ಹೋದರೆ ಅಂಟಿದ ನಾರು ಕೈಗೆಲ್ಲ ಸುತ್ತಿಕೊಂಡಿತು. ಅವರನ್ನು ಅಲ್ಲಿಂದ ಎಬ್ಬಿಸಲು ನಾನು ಕೂಗಿದೆ, "ಟೀಚರೇ, ನಿಮ್ಮನೆ ಕುಕ್ಕರ್ ಕೂಗ್ತಿದೆ, ಹೋಗಿ ನೋ..." ಎಂದು ನಾಲಿಗೆ ಕಚ್ಚಿಕೊಂಡು, ಸೆರಗನ್ನು ಬಾಯಿಗೆ ತುರುಕಿಕೊಂಡೆ.

ಟೀಚರ್ ಕದಲಲಿಲ್ಲ. ನನ್ನ ತಮ್ಮನ ಕಡೆ ತಿರುಗಿದರು. ಆಮೇಲೆ ಬೇಕೆಂದೇ, ಬಿಡಿಸಿ ಬಿಡಿಸಿ, ಮಕ್ಕಳಿಗೆ ಉಕ್ತಲೇಖನ ಹೇಳುವ ಹಾಗೆ ಹೇಳಿದರು:

"ವಾದಿರಾಯರೇ, ನನ್ನ ಮುಖ ನೋಡಿ."

"ಮೈಸೂರಿನಲ್ಲಿ, ವಾದಿರಾಜ," ಎಂದಿತು ಯಂತ್ರ. ಯಾವ ಲೆಕ್ಕ ಯಾರದ್ದೆಂದು ಮರೆತುಹೋಗುತ್ತೆ ಅಂತ ಇವನೇ ಒಳಗೆ ಒಂದೊಂದರ ಮೇಲೂ ಹೆಸರು ಬರೆದಿಟ್ಟಿದ್ದನಂತೆ!

ಟೀಚರ್ ಎದ್ದು ಸೆರಗು ಸರಿಮಾಡಿಕೊಂಡರು. "ಅಂತೂ ಇದೂ ದಾಕ್ಷಿಣ್ಯವೇ," ಎಂದರು.

"ಅಲ್ಲ!" ಎಂದ ವಾದಿ. ಕೈತುಂಬ ಬಾಳೆನಾರು, ಕಣ್ಣಲ್ಲಿ ನೀರು. "ದಾಕ್ಷಿಣ್ಯದವರು ಎದುರಿಗೆ ಬಂದು ಹೊಗಳ್ತಾರೆ ಟೀಚರ್. ಅವರಿಗೆ ಹೆಸರು ಬೇಕು. ನಂಗೆ ಹಾಡು ಬೇಕಿತ್ತು. ಅದಕ್ಕೇ ಜಪಾನು, ಬ್ರೆಜಿಲು ಅಂತ ಸುತ್ಕೊಂಡು ಬಂದೆ. ಕಿಟಕಿ ಮುಚ್ಚಿದ್ದಾಗ ನಮ್ಮನೇಲಿ ಬೆಳಗೇ ಆಗ್ತಿರಲಿಲ್ಲ."

ಟೀಚರ್ ಮೆಟ್ಟಿಲಿಗೆ ಕಾಲಿಟ್ಟಾಗಿತ್ತು. ನನಗೆ ತಡೆಯಲಾಗಲಿಲ್ಲ. "ನೋಡಿ ಟೀಚರೇ, ನನ್ನ ತಮ್ಮ ಪೆದ್ದ ಇರಬಹುದು, ಸುಳ್ಳ ಅಲ್ಲ!"

"ವಾದಿರಾಜನಿಗೆ ಆ ನಾಣ್ಯ ಬಂದದ್ದು ಪೋರ್ಚುಗಲ್ಲಿನಿಂದ," ಎಂದಿತು ಯಂತ್ರ, ಯಾರೂ ಕೇಳದಿದ್ದರೂ.

"ಪೋರ್ಚುಗಲ್ ಅಂದ್ರೆ ನನ್ನ ಗಿರಾಕಿ," ಎಂದ ವಾದಿ ಕಣ್ಣೊರೆಸಿಕೊಂಡು. "ನನ್ನ ಯಂತ್ರಗಳ ನಕ್ಷೆ ಮಾರಾಟಕ್ಕಿಟ್ಟಿದೀನಲ್ಲ, ಅದನ್ನ ಕೊಳ್ಳೋರು ಲೋಕದಲ್ಲಿ ಅವರೊಬ್ಬರೇ. ದೋಸೆ ಯಂತ್ರದ್ದನ್ನೂ ತಗೊಂಡ್ರು!"

"ದೋಸೆ ಯಂತ್ರಾನಾ! ಯಾರಪ್ಪ ಆ ಪುಣ್ಯಾತ್ಮ, ನೋಡಣ, ನೋಡಣ!" ಎಂದು ಮರಿಸ್ವಾಮಿ ಕುರ್ಚಿಯ ತುದಿಗೆ ಬಂದರು. ಎರಡು ಸಲ ಕರೆದಿದ್ದಕ್ಕೆ ಯಂತ್ರ ಎರಡು ಪದರ ಸುಲಿಯಿತು.

"ಪೋರ್ಚುಗಲ್ಲಿಗೆ ಬಂದದ್ದು ಕೀನ್ಯಾದಿಂದ. ಕೀನ್ಯಾಗೆ ಬಂದದ್ದು ಮೈಸೂರಿನಿಂದ, ಮಂದಾಕಿನಿ."

ಮೆಟ್ಟಿಲ ಮೇಲೆ ಟೀಚರ್ ಹಾಗೇ ಕೂತುಬಿಟ್ಟರು. ಒಂದೇ ನಾಣ್ಯ! ಈ ಕಾಂಪೌಂಡಿನಿಂದ ಆ ಕಾಂಪೌಂಡಿಗೆ ಹೋಗಲು ಅದು ಭೂಮಂಡಲವನ್ನೆಲ್ಲ ಸುತ್ತಿತ್ತು. ವಾಪಸ್ ಬರುವಾಗಲೂ ಸುತ್ತಿತ್ತು.

"ಬೀದಿಯವರು ನಕ್ಕಾಗೆಲ್ಲ ನಿಮ್ಮ ಮುಖ ಸಣ್ಣಗಾಗತ್ತೆ," ಎಂದರು ಟೀಚರ್, ನೆಲ ಕೆರೆಯುತ್ತ. "ನನ್ನ ಕಿಟಕಿಗೆ ಅದು ಕಾಣತ್ತೆ. ಎದುರಿಗೆ ಬಂದು ಹೊಗಳಿದ್ರೆ ನೀವೂ ದಾಕ್ಷಿಣ್ಯ ಅಂತಿದ್ರಿ." ಆಮೇಲೆ ತಲೆಯೆತ್ತಿದರು. "ಅಲ್ಲ, ಇಷ್ಟು ದಿನ ನನ್ನ ಲೆಕ್ಕ ನಿಮ್ಮನೇಲೇ ಇತ್ತಲ್ಲ. ಒಂದ್ಸಲಾನೂ ನೋಡ್ಲಿಲ್ವಾ?"

"ನೋಡಬಾರದು ಅಂದಿದ್ರಲ್ಲ," ಎಂದ ನನ್ನ ತಮ್ಮ.

"ನೋಡಿಲ್ಲ," ಎಂದು ಯಂತ್ರವೂ ಸಾಕ್ಷಿ ಹೇಳಿತು. "ಕ್ಷೇಮ."

ಟೀಚರ್ ಅವನ ಕೈಯಿಂದ ನಾರು ಬಿಡಿಸತೊಡಗಿದರು. ಬಿಡಿಸುತ್ತ ಬಿಡಿಸುತ್ತ, "ಯಾವ ಹಾಡು ಬೇಕು?" ಎಂದು ಕೇಳಿದರು. ನಾನು ಕಾಫಿ ಬೆರೆಸುವ ನೆಪ ಮಾಡಿ ಒಳಗೆ ಹೋಗಿ ಚೆನ್ನಾಗಿ ಅತ್ತೆ. ಮರಿಸ್ವಾಮಿ ಹೊರಗೆ ಮೂಗು ಸೀಟುವುದು ನನಗೆ ಅಲ್ಲಿಗೇ ಕೇಳಿಸಿತು.

ಯಂತ್ರ ಅವತ್ತೇ ಕೈಲಾಸ ಸೇರಿತು. ದಿಂಡಿನ ತಿರುಳು ತಟ್ಟೆಗಳನ್ನೆಲ್ಲ ಎತ್ತಿ ಎಸೆದು ಸೂರಿಗೆ ಬಡಿಯಿತು. ಆದರೆ ಹೋಗುವ ಮುಂಚೆ ತನ್ನ ಧರ್ಮ ಬಿಡಲಿಲ್ಲ. ಒಂದು ನೋಡಿನಲ್ಲಿ ಬರೆದದ್ದನ್ನು ಸುತ್ತಮುತ್ತಲಿನವಕ್ಕೂ ಒಂದು ಪ್ರತಿ ಹಂಚಬೇಕಂತೆ, ಹಂಚಿದ್ದನ್ನು ದೇವರು ಬಂದರೂ ಅಳಿಸಲಾಗದಂತೆ. ಸುತ್ತಮುತ್ತ ಅದಕ್ಕೆ ಸಿಕ್ಕಿದ್ದು ಬೀದಿಯಲ್ಲಿ ನಿಂತಿದ್ದ ಕಸದ ಗಾಡಿಯ ಧ್ವನಿವರ್ಧಕ.

ಈಗ ದಿನಾ ಬೆಳಿಗ್ಗೆ ಆ ಗಾಡಿ 'ಹಸಿ ಕಸ, ಒಣ ಕಸ' ಎಂದು ಕೂಗುವುದಿಲ್ಲ. 'ಮೈಸೂರಿನ ಮಂದಾಕಿನಿಯಿಂದ ಕೀನ್ಯಾ, ಪೋರ್ಚುಗಲ್ ಮಾರ್ಗವಾಗಿ ವಾದಿರಾಜನಿಗೆ. ವಾದಿರಾಜನಿಂದ ಜಪಾನ್, ಬ್ರೆಜಿಲ್, ನಾರ್ವೆ ಮಾರ್ಗವಾಗಿ ಮಂದಾಕಿನಿಗೆ!' ಎಂದು ಊರಿಡೀ ಸಾರಿಕೊಂಡು ಬರುತ್ತದೆ. ಅವರಿಬ್ಬರೂ ನಾಚಿ ಒಳಗೆ ಓಡುತ್ತಾರೆ. ಉಳಿದವರೆಲ್ಲ ಅದನ್ನು ಕೇಳಲೆಂದೇ ಬುಟ್ಟಿ ಹಿಡಿದು ಅರ್ಧ ಗಂಟೆ ಮೊದಲೇ ಗೇಟಿನಲ್ಲಿ ನಿಂತಿರುತ್ತಾರೆ. ಗುಟ್ಟು ಕಾಪಾಡುವ ಯಂತ್ರದಿಂದ ಗುಟ್ಟೇನೂ ಉಳಿಯಲಿಲ್ಲ, ಆದರೆ ನಮ್ಮ ಬೀದಿಯಲ್ಲಿ ಈಗ ಒಂದು ಚೂರು ಕಸ ಉಳಿಯುವುದಿಲ್ಲ.